ಕೆಂಪು ಫ್ಯೂಸಿನ ಜಾಗದಲ್ಲಿ ಹಳದಿ ಫ್ಯೂಸ್

ಕೊಡಗಿನಲ್ಲಿ ಮದ್ದು ಸೊಪ್ಪಿನ ಅಡುಗೆ ಮಾಡುವ ದಿನವಾದ ಕಕ್ಕಡ 18ಕ್ಕೆ ಇನ್ನು ಎರಡೇ ದಿನ ಇತ್ತು. ಅಂದರೆ ಅದು ಆಗಸ್ಟ್ 1ರ ಸಂಜೆ. ನಾನು ಮತ್ತು ಮಗಳು ಮಡಿಕೇರಿಯಿಂದ ಮೂರ್ನಾಡು ಕಡೆಗೆ ಬರುತ್ತಿದ್ದೆವು. ಮಳೆ ಸ್ವಲ್ಪ ಬಿಟ್ಟಿತ್ತು, ಆದರೆ ಮಂಜು ದಟ್ಟವಾಗಿತ್ತು. ಎದುರಿಂದ ಬರುವ ಜೀಪು ಪಕ್ಕಕ್ಕೆ ಬಂದ ಮೇಲೇ ಕಾಣುತ್ತಿತ್ತು. ಆಗ ಫಕ್ಕನೆ ಮೀಟರಿನ ಬೆಳಕು ಆರಿತು.

ಹೆಡ್‌ಲೈಟ್ ಉರಿಯುತ್ತಲೇ ಇತ್ತು. ವೈಪರ್ ಓಡುತ್ತಿತ್ತು. ಮೀಟರಿನ ಚಿಕ್ಕ ಬಲ್ಬ್ ಹೋಗಿರಬೇಕು ಅಂತ ಮುಂದೆ ಹೋಗಬಹುದಿತ್ತು. ಆದರೂ ಮನಸ್ಸಿಗೆ ಸಮಾಧಾನ ಆಗಲಿಲ್ಲ. ರಸ್ತೆ ಅಗಲ ಇದ್ದ ಕಡೆ ನಿಲ್ಲಿಸಿ, ಹಿಂದೆ ಹೋಗಿ ನೋಡು ಅಂತ ಮಗಳಿಗೆ ಹೇಳಿದೆ.

"ಅಪ್ಪ, ಹಿಂದೆ ಲೈಟೇ ಇಲ್ಲ. ನಂಬರ್ ಪ್ಲೇಟಿನದ್ದೂ ಇಲ್ಲ" ಎಂದಳು.

ಬ್ರೇಕ್ ಒತ್ತಿದೆ. "ಈಗ ಬಂತು" ಎಂದಳು.

ಎರಡೂ ಕಡೆಯ ಇಂಡಿಕೇಟರ್ ಒಟ್ಟಿಗೆ ಹಾಕಿಕೊಂಡು, ನಿಧಾನಕ್ಕೆ ಮನೆ ತಲುಪಿದೆವು. ಆ ಮಂಜಿನಲ್ಲಿ ಹಿಂದಿನ ಲೈಟ್ ಇಲ್ಲದ ಕಾರು ಎಂದರೆ ಹಿಂದಿನಿಂದ ಬರುವ ಬಸ್ಸಿಗೆ ನಾವು ಇಲ್ಲವೇ ಇಲ್ಲ. ಆ ಭಯದಿಂದಲೇ ಈ ಕೆಲಸವನ್ನು ಅರ್ಧಕ್ಕೆ ಬಿಡಬಾರದು ಎಂದು ನಿರ್ಧಾರ ಮಾಡಿದೆ.

ನಮ್ಮ ಕಾರು 1999ರದ್ದು. ಚಿಕ್ಕ ಕಾರು, ಡಿಕ್ಕಿಯ ಬಾಗಿಲು ಮೇಲಕ್ಕೆ ಎತ್ತುವಂಥದ್ದು. ಇಂಥ ಹಳೆ ಕಾರಿನಲ್ಲಿ ವೈರಿಂಗ್ ಸರಳ. ಒಂದು ಫ್ಯೂಸಿನ ಕೆಳಗೆ ನಾಲ್ಕೈದು ಸಾಮಾನು ಇರುತ್ತವೆ, ಅಷ್ಟೆ. ಮೀಟರ್ ಬೆಳಕು, ಹಿಂದಿನ ಲೈಟ್, ನಂಬರ್ ಪ್ಲೇಟ್ ಲೈಟ್ ಮೂರೂ ಒಟ್ಟಿಗೆ ಹೋಗಿವೆ. ಮೂರು ಕಡೆಯ ಬಲ್ಬುಗಳು ಒಂದೇ ಕ್ಷಣಕ್ಕೆ ಸುಟ್ಟುಹೋಗುವುದಿಲ್ಲ ಅಲ್ವಾ? ಹಾಗಾಗಿ ಫ್ಯೂಸನ್ನೇ ಮೊದಲು ನೋಡಬೇಕು. ಬ್ರೇಕ್ ಲೈಟ್ ಉರಿದದ್ದು ಯಾಕೆ ಎಂದರೆ ಅದಕ್ಕೆ ಬೇರೆ ಫ್ಯೂಸ್. ಬಲ್ಬ್ ಒಂದೇ ಆದರೂ ಒಳಗೆ ಎರಡು ತಂತಿ ಇರುತ್ತವೆ: 21 ವಾಟ್‌ನದ್ದು ಬ್ರೇಕಿಗೆ, 5 ವಾಟ್‌ನದ್ದು ರಾತ್ರಿ ಲೈಟಿಗೆ.

ಮರುದಿನ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸ್ ತೆಗೆದೆ. ಮುಚ್ಚಳದ ಒಳಗಿನ ಚೀಟಿ ಹಳದಿಯಾಗಿದ್ದರೂ ಓದಬಹುದಿತ್ತು. ಆ ಜಾಗಕ್ಕೆ 10 ಎಂದು ಬರೆದಿತ್ತು. ಅಲ್ಲಿ ಕೂತಿದ್ದದ್ದು ಹಳದಿ ಫ್ಯೂಸ್.

ಈ ಬಣ್ಣಗಳನ್ನು ಕಾರು ಇಟ್ಟುಕೊಂಡವರು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು. ಕಂದು 7.5 ಆಂಪಿಯರ್, ಕೆಂಪು 10, ನೀಲಿ 15, ಹಳದಿ 20, ಬಣ್ಣ ಇಲ್ಲದ್ದು 25, ಹಸಿರು 30. ಅಂದರೆ 10 ಇರಬೇಕಾದ ಕಡೆ ಯಾರೋ 20 ಹಾಕಿದ್ದರು. ಹಿಂದಿನ ವರ್ಷ ಒಂದು ಗ್ಯಾರೇಜಿನಲ್ಲಿ ಇದೇ ಲೈಟಿನ ಕೆಲಸ ಮಾಡಿಸಿದ್ದು ನೆನಪಾಯಿತು. ಆ 20ರ ಫ್ಯೂಸೂ ಈಗ ಸುಟ್ಟಿತ್ತು. ಪ್ಲಾಸ್ಟಿಕ್ಕಿನ ಒಳಗೆ ಲೋಹದ ಪಟ್ಟಿ ಮಧ್ಯಕ್ಕೆ ಕರಗಿ ಹೋಗಿ, ಗೋಡೆಗೆ ಕಪ್ಪು ಹಿಡಿದಿತ್ತು.

ಅಲ್ಲೇ ಕೂತು ಲೆಕ್ಕ ಹಾಕಿದೆ. ಮುಂದೆ ಎರಡು ಪಾರ್ಕಿಂಗ್ ಬಲ್ಬ್, ಹಿಂದೆ ಎರಡು, ನಂಬರ್ ಪ್ಲೇಟಿಗೆ ಒಂದು. ತಲಾ 5 ವಾಟ್. ಮೀಟರಿನದ್ದು ಸೇರಿಸಿದರೂ 30 ವಾಟ್ ಸುಮಾರು. 12 ವೋಲ್ಟಿಗೆ ಭಾಗಿಸಿದರೆ ಎರಡೂವರೆ ಆಂಪಿಯರ್. 10ರ ಫ್ಯೂಸ್ ಈ ಭಾರಕ್ಕೆ ಯಾವತ್ತೂ ಸುಡುವುದಿಲ್ಲ. 20ರದ್ದು ಸುಟ್ಟಿದೆ ಎಂದರೆ ಎಲ್ಲೋ ವೈರು ನೇರವಾಗಿ ಕಾರಿನ ಲೋಹದ ಬಾಡಿಗೆ ತಾಗಿ ಶಾರ್ಟ್ ಆಗುತ್ತಿದೆ.

ಕೆಂಪು ಫ್ಯೂಸ್ ಹಾಕಿ ಲೈಟ್ ಹಾಕಿದೆ. ಎಲ್ಲವೂ ಚೆನ್ನಾಗಿ ಉರಿಯಿತು! ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನಾನು ಲೈಟ್ ಹಾಗೇ ಬಿಟ್ಟು ಗೊಬ್ಬರದ ಚೀಲ ಇಳಿಸಲು ಡಿಕ್ಕಿ ಎತ್ತಿದೆ. ಲೈಟ್ ಹೋಯಿತು. ಹೊಸ ಫ್ಯೂಸೂ ಸುಟ್ಟಿತ್ತು.

ಹೀಗೆ ಒಮ್ಮೆ ತಾಗಿ ಒಮ್ಮೆ ಬಿಡುವ ಶಾರ್ಟ್ ಹುಡುಕಲು ಫ್ಯೂಸ್ ಮೇಲೆ ಫ್ಯೂಸ್ ಸುಡುತ್ತಾ ಕೂರಬೇಕಿಲ್ಲ. ಒಂದು ಇಂಡಿಕೇಟರ್ ಬಲ್ಬ್ ಸಾಕು, 12 ವೋಲ್ಟ್ 21 ವಾಟ್‌ನದ್ದು. ಹೋಲ್ಡರ್ ಸಮೇತ ತೆಗೆದುಕೊಂಡೆ. ಸುಟ್ಟ ಫ್ಯೂಸಿನ ಎರಡು ಕಾಲಿಗೆ ಅದರ ಎರಡು ವೈರನ್ನು ಬಿಗಿಯಾಗಿ ಸುತ್ತಿ, ಫ್ಯೂಸಿನ ಜಾಗಕ್ಕೆ ಚುಚ್ಚಿದೆ. ಈಗ ಫ್ಯೂಸಿನ ಬದಲು ಕರೆಂಟ್ ಈ ಬಲ್ಬಿನ ಮೂಲಕ ಹೋಗಬೇಕು. ಶಾರ್ಟ್ ಆದರೂ ಬಲ್ಬ್ ಪೂರ್ತಿ ಉರಿಯುತ್ತದೆ, ಅಷ್ಟೆ. ಎರಡು ಆಂಪಿಯರಿಗಿಂತ ಜಾಸ್ತಿ ಹರಿಯುವುದಿಲ್ಲ, ವೈರಿಗೆ ಅಪಾಯ ಇಲ್ಲ.

ಇದಕ್ಕೆ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಆ ಸಾಲಿನ 5 ವಾಟ್ ಬಲ್ಬುಗಳನ್ನೆಲ್ಲ ಬಿಚ್ಚಿಡಬೇಕು. ಇಲ್ಲದಿದ್ದರೆ ಅವುಗಳ ಮೂಲಕವೂ ಕರೆಂಟ್ ಹರಿದು ಪರೀಕ್ಷೆಯ ಬಲ್ಬ್ ಮಂಕಾಗಿ ಉರಿಯುತ್ತಲೇ ಇರುತ್ತದೆ, ನಮಗೆ ಗೊಂದಲ ಆಗುತ್ತದೆ. ಮೀಟರಿನ ಬಲ್ಬ್ ಬಿಚ್ಚುವುದು ಕಷ್ಟ, ಅದನ್ನು ಬಿಟ್ಟೆ. ಅದರಿಂದ ಬರುವ ಬೆಳಕು ತೀರಾ ಕಡಿಮೆ.

ಮಗಳನ್ನು ಮುಂದೆ ಕೂರಿಸಿ ಬಲ್ಬ್ ನೋಡುತ್ತಿರು ಎಂದೆ. ಬಾನೆಟ್ಟಿನ ವೈರುಗಳನ್ನು ಅಲ್ಲಾಡಿಸಿದೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಇಲಿ ಬರುತ್ತವೆ, ಕಾಫಿ ಎಲೆ ತಂದು ಗೂಡು ಮಾಡುತ್ತವೆ, ವೈರು ಕಡಿಯುತ್ತವೆ. ಈ ಸಲ ಇಲಿಯ ಗುರುತು ಇರಲಿಲ್ಲ. ಹಿಂದಿನ ಲೈಟಿನ ಗೂಡು ಅಲ್ಲಾಡಿಸಿದೆ. ಏನೂ ಇಲ್ಲ. ಡಿಕ್ಕಿ ಬಾಗಿಲನ್ನು ನಿಧಾನಕ್ಕೆ ಎತ್ತಿದೆ. ಅರ್ಧ ಎತ್ತುವಾಗ "ಉರೀತು!" ಎಂದು ಕೂಗಿದಳು. ಪೂರ್ತಿ ಎತ್ತಿದರೆ ಆರಿತು. ಇಳಿಸುವಾಗ ಅದೇ ಜಾಗದಲ್ಲಿ ಮತ್ತೆ ಉರಿಯಿತು.

ಕಾರಿನ ಬಾಡಿಯಿಂದ ಡಿಕ್ಕಿ ಬಾಗಿಲಿಗೆ ವೈರು ದಾಟುವ ಕಡೆ, ಕೀಲಿನ ಹತ್ತಿರ, ಒಂದು ರಬ್ಬರ್ ಕೊಳವೆ ಇರುತ್ತದೆ. ಅದನ್ನು ಹಿಂದಕ್ಕೆ ಸರಿಸಿದೆ. ಒಳಗೆ ನಂಬರ್ ಪ್ಲೇಟ್ ಲೈಟಿನ ವೈರಿನ ಸಿಪ್ಪೆ ಬಿರಿದು ತಾಮ್ರ ಕಾಣುತ್ತಿತ್ತು. ಕಾಫಿ ಚೀಲ, ಗೊಬ್ಬರ, ತರಕಾರಿ ಅಂತ ಇಷ್ಟು ವರ್ಷ ದಿನಕ್ಕೆ ಎಷ್ಟು ಸಲ ಎತ್ತಿ ಇಳಿಸಿದ್ದೇವೋ, ಅಷ್ಟು ಸಲವೂ ಆ ವೈರು ಅದೇ ಜಾಗದಲ್ಲಿ ಮಡಚಿದೆ. ನನಗೆ ನೋವಾದದ್ದು ಮುಂದಿನದ್ದನ್ನು ನೋಡಿ. ಬಿರುಕಿನಿಂದ ಒಳಕ್ಕೆ ಒಂದು ಗೇಣು ಉದ್ದ ಸಿಪ್ಪೆ ಮೆತ್ತಗಾಗಿ, ಪಕ್ಕದ ವೈರಿಗೆ ಅಂಟಿಕೊಂಡಿತ್ತು. 10ರ ಫ್ಯೂಸ್ ಇದ್ದಿದ್ದರೆ ಶಾರ್ಟ್ ಆದ ಕೂಡಲೇ ಸುಟ್ಟು ಕರೆಂಟ್ ನಿಲ್ಲಿಸುತ್ತಿತ್ತು. 20ರದ್ದು ತಡೆದು ನಿಂತಿದೆ, ಆ ಹೊತ್ತಿನಲ್ಲಿ ಸಣ್ಣ ವೈರು ಕಾದಿದೆ. ಫ್ಯೂಸ್ ಇರುವುದು ಬಲ್ಬನ್ನು ಕಾಯಲು ಅಲ್ಲ, ವೈರನ್ನು ಕಾಯಲು. ಇದನ್ನು ಗೊತ್ತಿದ್ದೂ ದೊಡ್ಡ ಫ್ಯೂಸ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬೆಸುಗೆ ಹಾಕೋಣ ಎಂದರೆ ಕರೆಂಟ್ ಇಲ್ಲ. ಮರ ಬಿದ್ದು ಲೈನ್ ಹೋಗಿ ಎರಡು ದಿನ ಆಗಿತ್ತು. ಪಕ್ಕದ ತೋಟದ ಅಣ್ಣ ಮಧ್ಯಾಹ್ನ ನೀರಿಗೆ ಜನರೇಟರ್ ಹಾಕುತ್ತಾರೆ. ಕಾರನ್ನು ಅವರ ಅಂಗಳಕ್ಕೇ ಒಯ್ದೆ. ಅವರು ಕೊಡೆ ಹಿಡಿದುಕೊಂಡು ನೋಡಿ, "ಇಷ್ಟೆಲ್ಲ ಯಾಕೆ? ಮೂವತ್ತರದ್ದು ಹಾಕಿಬಿಡು ಮಾರಾಯ, ಮತ್ತೆ ಸುಡೋದಿಲ್ಲ" ಎಂದರು.

"ಫ್ಯೂಸ್ ಸುಡೋದಿಲ್ಲ ಅಣ್ಣ, ಕಾರು ಸುಡುತ್ತದೆ" ಎಂದು ಆ ಅಂಟಿದ ವೈರನ್ನು ಕೈಗೆ ಕೊಟ್ಟೆ. ಬೆರಳಿನಿಂದ ಸವರಿ ನೋಡಿದರು. ಆಮೇಲೆ ಬೆಸುಗೆ ಮುಗಿಯುವವರೆಗೂ ಟಾರ್ಚ್ ಹಿಡಿದು ನಿಂತರು.

ಬ್ಯಾಟರಿಯ ಮೈನಸ್ ಮೊದಲೇ ಬಿಚ್ಚಿದ್ದೆ. ಕೆಟ್ಟ ಭಾಗ ಪೂರ್ತಿ ಕತ್ತರಿಸಿ, ಅದೇ ದಪ್ಪದ, ಸಣ್ಣ ಎಳೆಗಳ ಮೆದು ವೈರು ಸೇರಿಸಿದೆ. ಮನೆಗೆ ಹಾಕುವ ಗಟ್ಟಿ ವೈರು ಇಲ್ಲಿ ಬೇಡ, ಮಡಚಿ ಮಡಚಿ ಬೇಗ ತುಂಡಾಗುತ್ತದೆ. ಜೋಡಣೆಯನ್ನು ಕೀಲಿನ ಜಾಗದಲ್ಲಿ ಇಡದೆ, ಮಡಚದ ಕಡೆಗೆ ಸರಿಸಿದೆ. ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ ಹಾಕಿದೆ. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ನಮ್ಮ ಊರಿನ ಥಂಡಿಗೆ ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಫ್ಯೂಸ್ ಬಾಕ್ಸಿನ ಆ ಜಾಗದ ಹಿತ್ತಾಳೆಯಲ್ಲೂ ಕಿಲುಬು ಇತ್ತು. ಸಣ್ಣ ಉಪ್ಪುಕಾಗದದ ತುಂಡಿನಿಂದ ಉಜ್ಜಿ ತೆಗೆದೆ. ಕಿಲುಬು ಇದ್ದರೆ ಅಲ್ಲಿ ಬಿಸಿ ಹುಟ್ಟುತ್ತದೆ, ಫ್ಯೂಸಿನ ಪ್ಲಾಸ್ಟಿಕ್ ಕರಗುತ್ತದೆ.

ನಂತರ ಉಳಿದ ಫ್ಯೂಸುಗಳನ್ನೂ ನೋಡಿದೆ. ಎಲ್ಲವನ್ನೂ ಕಿತ್ತು ನೋಡಬೇಕೆಂದಿಲ್ಲ. ಫ್ಯೂಸಿನ ತಲೆಯ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆ ಇರುತ್ತವೆ. ಟೆಸ್ಟ್ ಲ್ಯಾಂಪ್ ಎಂದರೆ ಒಂದು ಕಡೆ ಕ್ಲಿಪ್, ಇನ್ನೊಂದು ಕಡೆ ಮೊನೆ ಇರುವ ಚಿಕ್ಕ ಬಲ್ಬ್. ಅದರ ಕ್ಲಿಪ್ಪನ್ನು ಕಾರಿನ ಲೋಹದ ಬಾಡಿಗೆ ಸಿಕ್ಕಿಸಿ, ಆ ಫ್ಯೂಸಿನ ಕೆಳಗಿರುವ ಸಾಮಾನಿನ ಸ್ವಿಚ್ ಹಾಕಿ, ಮೊನೆಯನ್ನು ಒಂದೊಂದು ಚುಕ್ಕೆಗೆ ತಾಗಿಸಬೇಕು. ಎರಡರಲ್ಲೂ ಉರಿದರೆ ಫ್ಯೂಸ್ ಸರಿ ಇದೆ. ಒಂದರಲ್ಲಿ ಮಾತ್ರ ಉರಿದರೆ ಸುಟ್ಟಿದೆ. ಎರಡರಲ್ಲೂ ಇಲ್ಲ ಎಂದರೆ ಫ್ಯೂಸಿಗೇ ಕರೆಂಟ್ ಬರುತ್ತಿಲ್ಲ. ಕಣ್ಣಿನಿಂದ ನೋಡಿ ಸರಿ ಇದೆ ಎಂದು ನಂಬಬೇಡಿ. ಕೂದಲಿನಷ್ಟು ಬಿರುಕು ಬಿಟ್ಟ ಫ್ಯೂಸ್ ಹೊಸದರ ಹಾಗೇ ಕಾಣುತ್ತದೆ. ನಮ್ಮ ಹಾರ್ನಿನ ಫ್ಯೂಸ್ ಹಾಗೇ ಇತ್ತು. ತಿರುವಿನಲ್ಲಿ ಹಾರ್ನ್ ಒಮ್ಮೊಮ್ಮೆ ಕೈಕೊಡುತ್ತಿದ್ದದ್ದು ಅದಕ್ಕೇ ಎಂದು ಆಗ ಗೊತ್ತಾಯಿತು.

ಮರುದಿನ ಕಕ್ಕಡ 18. ಅಮ್ಮ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಪಕ್ಕದ ತೋಟದ ಅಣ್ಣನ ಮನೆಗೂ ಒಂದು ಪಾತ್ರೆ ಕೊಟ್ಟು ಬಂದೆ. ಅವರು ತಮ್ಮ ಜೀಪಿನ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಅಲ್ಲೂ ಒಂದು ಕಡೆ, ಫ್ಯೂಸಿನ ಬದಲು ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದ ಸುತ್ತಿಟ್ಟಿತ್ತು. ಅದನ್ನು ತೆಗೆಸಿ ಸರಿಯಾದದ್ದು ಹಾಕಿದೆವು.

ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆ ಇದೇ ಕಾರಿನಲ್ಲಿ ತಲಕಾವೇರಿಗೆ ಹೋದೆವು. ಭಾಗಮಂಡಲದಿಂದ ಮೇಲೆ ಹತ್ತುವಾಗ ಮತ್ತೆ ಅದೇ ಮಂಜು. ಹೊರಡುವ ಮೊದಲು ಮಗಳು ಹಿಂದೆ ನಿಂತು ನೋಡಿ, ಡಿಕ್ಕಿಯನ್ನು ಎರಡು ಸಲ ಎತ್ತಿ ಇಳಿಸಿ, "ಉರೀತಾ ಇದೆ ಅಪ್ಪ" ಎಂದು ಬಂದು ಕೂತಳು.