ಖಾಲಿ ಬಿಟ್ಟ ಜಾಗ ಖಾಲಿಯಾಗಿಯೇ ಉಳಿಯಬೇಕು: ಮೊಲದ ಮುಂಗಾಲಿನಲ್ಲಿ ಮೂಳೆ ಗ್ರಾಫ್ಟ್ ಪರೀಕ್ಷಿಸಿದ ನನ್ನ ಅನುಭವ

ಮೂಳೆಯ ಖಾಲಿ ಜಾಗಕ್ಕೆ ತುಂಬುವ ವಸ್ತುವಾದ ಗ್ರಾಫ್ಟಿನ ಪರೀಕ್ಷೆಗೆ ಮೊಲದ ಮುಂಗಾಲಿನ ಜೋಡಿ ಮೂಳೆಗಳಲ್ಲಿ ಒಂದಾದ ರೇಡಿಯಸ್ ಅನ್ನು ಆಯ್ದುಕೊಂಡಾಗ, ನಮ್ಮ ಪಶುವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ನನ್ನ ಮಾರ್ಗದರ್ಶಕರನ್ನು ಬಿಟ್ಟರೆ ಬೇರೆ ಯಾರಿಗೂ ಅದರಲ್ಲಿ ನಂಬಿಕೆ ಇರಲಿಲ್ಲ. ಪಕ್ಕದಲ್ಲೇ ಅದರ ಜೋಡಿ ಮೂಳೆ ಅಲ್ನಾ ಇದೆ, ಭಾರವನ್ನೆಲ್ಲ ಅದೇ ಹೊತ್ತುಕೊಳ್ಳುತ್ತದೆ, ಅಲ್ಲಿ ಏನು ತುಂಬಿದರೂ ಮೂಳೆ ಕೂಡಿಕೊಳ್ಳುತ್ತದೆ ಎಂಬುದು ಹಿರಿಯ ಪ್ರಾಧ್ಯಾಪಕರೊಬ್ಬರ ಆಕ್ಷೇಪವಾಗಿತ್ತು. ತಲೆಬುರುಡೆಯಲ್ಲಿ ಟ್ರಿಫೈನ್ ಎಂಬ ಕೊಳವೆಯಾಕಾರದ ಗರಗಸದಿಂದ ಗುಂಡಗೆ ಕೊರೆದರೆ ಕೆಲಸ ಬೇಗ ಮುಗಿಯುತ್ತದೆ ಎಂದು ದಂತವೈದ್ಯಕೀಯ ಕಾಲೇಜಿನ ಸ್ನೇಹಿತರು ಸಲಹೆ ಕೊಟ್ಟರು. ಆಡಿನ ಹಿಂಗಾಲಿನ ಟಿಬಿಯಾ ಮೂಳೆಗೆ ಲೋಹದ ಪ್ಲೇಟ್ ಬಿಗಿದು ಮಾಡದ ಗ್ರಾಫ್ಟ್ ಅಧ್ಯಯನವನ್ನು ಅಧ್ಯಯನವೆಂದೇ ಒಪ್ಪದವರೂ ಇದ್ದರು. ಇವರೆಲ್ಲರ ಮಾತಿನಲ್ಲೂ ಅಷ್ಟಿಷ್ಟು ಸತ್ಯವಿತ್ತು. ಆದರೆ ನನಗೆ ಬೇಕಾಗಿದ್ದುದು ಮುಂದೆ ನಾಯಿಗಳ ಕಾಲಿನ ಉದ್ದ ಮೂಳೆಗೆ ಬಳಸಬಹುದಾದ ಗ್ರಾಫ್ಟ್. ತಲೆಬುರುಡೆಯ ಮೂಳೆ ಹುಟ್ಟುವ ಬಗೆಯೇ ಬೇರೆ, ಅದರ ಮೇಲೆ ದೇಹದ ಭಾರ ಬೀಳುವುದೂ ಇಲ್ಲ. ಆಡಿನತ್ತ ಹೋದರೆ ಕಾಲೇಜಿನ ಪ್ರಾಣಿ ಎಥಿಕ್ಸ್ ಸಮಿತಿಯ ಒಪ್ಪಿಗೆ ಸಾಲದೆ ಕಡತ ಕೇಂದ್ರದ ಸಮಿತಿಗೆ ಹೋಗಬೇಕು, ಮೇಲಾಗಿ ಒಂದೊಂದು ಪ್ರಾಣಿಗೂ ಪ್ಲೇಟು, ಸ್ಕ್ರೂಗಳ ಖರ್ಚು. ಮೊಲದಲ್ಲಿ ರೇಡಿಯಸ್ ಮತ್ತು ಅಲ್ನಾ ಗಟ್ಟಿಯಾದ ನಾರಿನಿಂದ ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ರೇಡಿಯಸ್‌ನ ತುಂಡು ತೆಗೆದರೂ ಪ್ಲೇಟಿನ ಅಗತ್ಯ ಬೀಳುವುದಿಲ್ಲ. ಹಿರಿಯರು ದೋಷವೆಂದು ತೋರಿಸಿದ ಅಲ್ನಾವೇ ನನ್ನ ಪಾಲಿಗೆ ಪುಕ್ಕಟೆಯ ಪ್ಲೇಟ್ ಆಗಿತ್ತು.

ಪ್ರಾಣಿಯ ಜೀವಮಾನದಲ್ಲಿ ತಾನಾಗಿ ಕೂಡಿಕೊಳ್ಳದ ಅತಿ ಚಿಕ್ಕ ಮೂಳೆಗಾಯವೇ ನಿರ್ಣಾಯಕ ಅಳತೆಯ ಗಾಯ ಎಂದು ಷ್ಮಿಟ್ಜ್ ಮತ್ತು ಹಾಲಿಂಜರ್ 1986ರಲ್ಲಿ ಹೇಳಿದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಮೊಲದ ರೇಡಿಯಸ್‌ನಲ್ಲಿ ಆ ಅಳತೆ ಎಷ್ಟು ಎಂದರೆ ಒಬ್ಬರು 10 ಮಿ.ಮೀ. ಎನ್ನುತ್ತಾರೆ, ಇನ್ನೊಬ್ಬರು 15, ಮತ್ತೊಬ್ಬರು 20. ಅಳತೆಯೊಂದನ್ನೇ ಹಿಡಿದು ಹೊರಟರೆ ಏನಾಗುತ್ತದೆ ಎಂಬುದು ಮೊದಲ ತಂಡದಲ್ಲೇ ತಿಳಿಯಿತು. 10 ಮಿ.ಮೀ. ತುಂಡು ತೆಗೆದು, ಏನನ್ನೂ ತುಂಬದೆ ಹೊಲಿದ ಮೊಲಗಳಲ್ಲಿ ಎಂಟು ವಾರ ಕಳೆಯುವಷ್ಟರಲ್ಲಿ ಎರಡೂ ತುದಿಗಳ ನಡುವೆ ಮೂಳೆ ಸೇತುವೆ ಕಟ್ಟಿತ್ತು. ಗ್ರಾಫ್ಟ್ ತುಂಬಿದವೂ ಕೂಡಿಕೊಂಡಿದ್ದವು, ತುಂಬದವೂ ಕೂಡಿಕೊಂಡಿದ್ದವು. ಅಂಥ ಫಲಿತಾಂಶದಿಂದ ಗ್ರಾಫ್ಟಿನ ಬಗ್ಗೆ ಒಂದಕ್ಷರವನ್ನೂ ಬರೆಯಲಾಗದು. ಸುಮಾರು ಮೂವತ್ತು ಸಾವಿರ ರೂಪಾಯಿ ಅಲ್ಲಿಗೆ ಕೈಬಿಟ್ಟಿತು.

ತನಿಖೆ ಮಾಡಿದಾಗ ಕಾರಣ ಸಿಕ್ಕಿದ್ದು ಹಳೆಯ ಎಕ್ಸ್-ರೇ ಫಿಲ್ಮ್‌ಗಳಲ್ಲಿ. ಸರಬರಾಜುದಾರರ ದಾಖಲೆಯಲ್ಲಿ ಏಳು ತಿಂಗಳು ಎಂದಿದ್ದ ಮೊಲಗಳ ಮಣಿಕಟ್ಟಿನ ಬಳಿ, ಮೂಳೆ ಬೆಳೆಯುವ ಫಲಕದ ಕಪ್ಪು ಗೆರೆ ಇನ್ನೂ ಸ್ಪಷ್ಟವಾಗಿ ತೆರೆದುಕೊಂಡೇ ಇತ್ತು. ಎಂದರೆ ಅವು ಎಳೆಯ ಮೊಲಗಳು. ಬೆಳೆಯುವ ಮೊಲಕ್ಕೆ ಮೂಳೆ ಕಟ್ಟುವುದು ದಿನನಿತ್ಯದ ಕೆಲಸ, ಅದಕ್ಕೆ ನಮ್ಮ ಗ್ರಾಫ್ಟಿನ ಹಂಗಿಲ್ಲ. ಅಂದಿನಿಂದ ನಾನು ಹುಟ್ಟಿದ ದಿನಾಂಕದ ಚೀಟಿಯನ್ನು ನಂಬುವುದಿಲ್ಲ, ತೂಕವನ್ನೂ ಪೂರ್ತಿ ನಂಬುವುದಿಲ್ಲ. ಮೊಲ ಬಂದ ವಾರದಲ್ಲೇ ಮುಂಗಾಲಿನ ಒಂದು ಎಕ್ಸ್-ರೇ ತೆಗೆದು, ಆ ಗೆರೆ ಮುಚ್ಚಿದ್ದರೆ ಮಾತ್ರ ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತೇನೆ. ಗೆರೆ ಮುಚ್ಚದವನ್ನು ಇನ್ನೊಂದು ತಿಂಗಳೋ ಎರಡು ತಿಂಗಳೋ ಸಾಕಬೇಕಾಗುತ್ತದೆ. ಮೇವಿನ ಖರ್ಚು ಏರುತ್ತದೆ ನಿಜ, ಆದರೆ ಒಂದು ಇಡೀ ತಂಡ ವ್ಯರ್ಥವಾಗುವುದಕ್ಕಿಂತ ಅದು ಎಷ್ಟೋ ಅಗ್ಗ.

ಎರಡನೆಯ ಬದಲಾವಣೆ ಪೆರಿಆಸ್ಟಿಯಂಗೆ ಸಂಬಂಧಿಸಿದ್ದು. ಮೂಳೆಯನ್ನು ಸುತ್ತಿಕೊಂಡ ಈ ಪೊರೆಯನ್ನು ತುಂಡಿನ ಜೊತೆ ಮಾತ್ರ ತೆಗೆದು ಅಂಚಿನಲ್ಲಿ ಬಿಟ್ಟರೆ ಅದೇ ಹೊಸ ಮೂಳೆಯನ್ನು ಹೆಣೆಯತೊಡಗುತ್ತದೆ. ಆದ್ದರಿಂದ ಕತ್ತರಿಸಿದ ಎರಡೂ ತುದಿಗಳ ಆಚೆಗೂ ಸುಮಾರು 5 ಮಿ.ಮೀ.ವರೆಗೆ ಅದನ್ನು ಕೆರೆದು ತೆಗೆದು, ಗಾಯದ ಉದ್ದವನ್ನು 15 ಮಿ.ಮೀ.ಗೆ ಏರಿಸಿದೆ. ಎಥಿಕ್ಸ್ ಸಮಿತಿಯ ಸಭೆಯಲ್ಲಿ ಇದಕ್ಕಿಂತ ದೊಡ್ಡ ಚರ್ಚೆ ನಡೆದದ್ದು ಖಾಲಿ ಗುಂಪಿನ ಬಗ್ಗೆ. ಆರು ಪ್ರಾಣಿಗಳ ಮೂಳೆ ತೆಗೆದು ಏನನ್ನೂ ತುಂಬದೆ ಬಿಡುವುದು ಏಕೆ, ಹಿಂದಿನವರ ಅಂಕಿಗಳನ್ನೇ ಬಳಸಬಾರದೇ ಎಂದು ಸದಸ್ಯರೊಬ್ಬರು ಕೇಳಿದರು. ಪ್ರಾಣಿಗಳ ಸಂಖ್ಯೆ ತಗ್ಗಿಸಬೇಕೆನ್ನುವ ದೃಷ್ಟಿಯಿಂದ ಅದು ಸರಿಯಾದ ಪ್ರಶ್ನೆಯೇ. ನಾನು ಮೊದಲ ತಂಡದ ಫಿಲ್ಮ್‌ಗಳನ್ನೇ ಮುಂದಿಟ್ಟು, ನಮ್ಮ ಮೊಲ, ನಮ್ಮ ಮೇವು, ನಮ್ಮ ಕೈಗಳಲ್ಲಿ ಈ ಗಾಯ ತಾನಾಗಿ ಕೂಡಿಕೊಳ್ಳುವುದಿಲ್ಲ ಎಂದು ತೋರಿಸದಿದ್ದರೆ ಉಳಿದ ಹದಿನೆಂಟು ಪ್ರಾಣಿಗಳೂ ವ್ಯರ್ಥವಾಗುತ್ತವೆ ಎಂದೆ. ಒಪ್ಪಿಗೆ ಸಿಕ್ಕಿತು.

ಅರಿವಳಿಕೆಯ ವಿಷಯದಲ್ಲಿ ಹೊಸದೇನೂ ಇಲ್ಲ. ಕಿಲೋ ತೂಕಕ್ಕೆ ಕೆಟಮಿನ್ 35 ಮಿ.ಗ್ರಾಂ., ಜೈಲಜಿನ್ 5 ಮಿ.ಗ್ರಾಂ., ಎಲ್ಲರೂ ಕೊಡುವುದೇ. ಮೊಲ ವಾಂತಿ ಮಾಡುವುದಿಲ್ಲವಾದ್ದರಿಂದ ನಾಯಿಯಂತೆ ರಾತ್ರಿಯಿಡೀ ಉಪವಾಸ ಕೆಡವಬಾರದೆಂಬುದೂ ಗೊತ್ತಿರುವುದೇ. ಆದರೂ ಕಷ್ಟ ಬಂದದ್ದು ಶಸ್ತ್ರಚಿಕಿತ್ಸೆಯ ಮರುದಿನ. ಪ್ರಾಣಿಮನೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಬೆಳಿಗ್ಗೆ ಪಂಜರದ ಕೆಳಗಿನ ತಟ್ಟೆ ನೋಡಿ, “ಸಾರ್, ಮೂರನೇದ್ರದ್ದು ಹಿಕ್ಕೆನೇ ಬಿದ್ದಿಲ್ಲ” ಎಂದರು. ಜ್ವರ ಇರಲಿಲ್ಲ, ಹೊಲಿಗೆ ಚೆನ್ನಾಗಿತ್ತು, ನಾನು ಅದನ್ನು ಅಷ್ಟಾಗಿ ಗಮನಿಸಿರಲಿಲ್ಲ. ಕರುಳು ನಿಂತರೆ ಮೊಲ ಉಳಿಯುವುದು ಕಷ್ಟ. ನೋವು ನಿವಾರಕ ಮೆಲಾಕ್ಸಿಕ್ಯಾಮ್ ಮುಂದುವರಿಸಿ, ಬೆಚ್ಚಗಿನ ದ್ರವ ಕೊಟ್ಟು, ಗರಿಕೆ ಮತ್ತು ಕುದುರೆ ಮಸಾಲೆ ಸೊಪ್ಪನ್ನು ಬಾಯಿಯ ಹತ್ತಿರವೇ ಹಿಡಿದ ಮೇಲೆ ಸಂಜೆಗೆ ನಾಲ್ಕಾರು ಹಿಕ್ಕೆ ಬಿದ್ದವು. ಅನಂತರ ನಮ್ಮ ದಾಖಲೆ ಪುಸ್ತಕದಲ್ಲಿ ತಾಪಮಾನದ ಪಕ್ಕದಲ್ಲೇ ಹಿಕ್ಕೆಗೊಂದು ಅಂಕಣ ಸೇರಿತು, ಅದನ್ನು ತುಂಬುವ ಹೊಣೆ ಆ ಹಿರಿಯರದೇ ಆಯಿತು.

ಮೂಳೆ ಕತ್ತರಿಸುವುದಕ್ಕೆ ದಂತವೈದ್ಯರ ಮೈಕ್ರೋಮೋಟರ್ ಮತ್ತು ಡೈಮಂಡ್ ಡಿಸ್ಕ್ ಬಳಸಿದೆ. ಇಲ್ಲಿ ಎರಡು ಅಪಾಯಗಳಿವೆ. ಡಿಸ್ಕ್ ಒಂದಿಷ್ಟು ಆಳಕ್ಕೆ ಇಳಿದು ಅಲ್ನಾಕ್ಕೆ ತಾಗಿದರೆ, ಮೊಲ ಪಂಜರದಲ್ಲಿ ಎರಡು ಬಾರಿ ನೆಗೆಯುವಷ್ಟರಲ್ಲಿ ಆ ಗೀರಿನಲ್ಲೇ ಅಲ್ನಾ ಮುರಿಯುತ್ತದೆ. ಮುರಿಯದಿದ್ದರೂ ಗೀರಿದ ಅಲ್ನಾ ತನ್ನ ಕಡೆಯಿಂದ ಮೂಳೆ ಬೆಳೆಸಿ ರೇಡಿಯಸ್‌ಗೆ ಅಂಟಿಕೊಳ್ಳುತ್ತದೆ. ಎಕ್ಸ್-ರೇಯಲ್ಲಿ ಅದು ಗ್ರಾಫ್ಟಿನ ಯಶಸ್ಸಿನಂತೆ ಕಾಣುತ್ತದೆ. ಹಿರಿಯ ಪ್ರಾಧ್ಯಾಪಕರ ಆಕ್ಷೇಪದ ನಿಜವಾದ ತಿರುಳು ಇದು ಎಂದು ನನ್ನ ಅಭಿಪ್ರಾಯ. ಹಲ್ಲು ತುಂಬುವಾಗ ದಂತವೈದ್ಯರು ಸುತ್ತುವ ತೆಳು ಸ್ಟೀಲಿನ ಮ್ಯಾಟ್ರಿಕ್ಸ್ ಬ್ಯಾಂಡನ್ನು, ನಡುವಿನ ನಾರನ್ನು ಮೆಲ್ಲಗೆ ಬಿಡಿಸಿ, ಎರಡು ಮೂಳೆಗಳ ನಡುವೆ ತೂರಿಸಿಟ್ಟೆ. ಡಿಸ್ಕ್ ಸ್ಟೀಲಿಗೆ ತಾಗಿದಾಗ ಸದ್ದು ಬದಲಾಗುತ್ತದೆ, ಅಲ್ಲಿಗೆ ಕೈ ನಿಲ್ಲಿಸಿದರಾಯಿತು. ಕೆಲವು ರೂಪಾಯಿಯ ಈ ಪಟ್ಟಿ ಬಂದ ಮೇಲೆ ಅಲ್ನಾ ಮುರಿದ ಪ್ರಕರಣ ನನ್ನಲ್ಲಿ ಇಲ್ಲ.

ಇನ್ನೊಂದು ಅಪಾಯ ಬಿಸಿಯದು. ಮೂಳೆ 47 ಡಿಗ್ರಿಯಲ್ಲಿ ಒಂದು ನಿಮಿಷ ಇದ್ದರೆ ಹಾನಿಯಾಗುತ್ತದೆ ಎಂದು ಎರಿಕ್ಸನ್ ಮತ್ತು ಆಲ್‌ಬ್ರೆಕ್ಟ್‌ಸನ್ ಮೊಲಗಳಲ್ಲೇ ತೋರಿಸಿದ್ದಾರೆ. ನಮ್ಮ ಮೋಟರ್ ಎಷ್ಟು ಬಿಸಿ ಮಾಡುತ್ತದೆಂದು ನೋಡುವ ಕುತೂಹಲದಿಂದ ಮಟನ್ ಅಂಗಡಿಯಿಂದ ಆಡಿನ ಕಾಲಿನ ಮೂಳೆಗಳನ್ನು ತಂದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ, ಬಿಸಿ ಅಳೆಯುವ ಥರ್ಮೋಕಪಲ್ ತಂತಿಯ ತುದಿಯನ್ನು ಕತ್ತರಿಸುವ ಗೆರೆಯ ಪಕ್ಕದಲ್ಲೇ ಕೂರಿಸಿದೆ. ನೀರು ಹಾಕದೆ ಒತ್ತಿ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ಅರವತ್ತು ಡಿಗ್ರಿ ದಾಟಿ, ಕೂದಲು ಸುಟ್ಟಂಥ ವಾಸನೆ ಬರತೊಡಗಿತು. ಫ್ರಿಜ್‌ನಲ್ಲಿಟ್ಟ ಸಲೈನನ್ನು ಸಿರಿಂಜ್‌ನಿಂದ ಬಿಡದೆ ಹನಿಸಿ, ಒತ್ತದೆ, ಬಿಟ್ಟು ಬಿಟ್ಟು ಕತ್ತರಿಸಿದಾಗ ನಲವತ್ತರೊಳಗೇ ಉಳಿಯಿತು. ಹೊಸ ಡಿಸ್ಕ್‌ಗೂ ಹತ್ತಾರು ಬಾರಿ ಬಳಸಿದ ಡಿಸ್ಕ್‌ಗೂ ಇರುವ ಅಂತರ ಕಂಡ ಮೇಲೆ, ಎರಡು ಮೊಲಕ್ಕೊಂದು ಡಿಸ್ಕ್ ಎಂದು ನಿಯಮ ಮಾಡಿಕೊಂಡೆ.

ಗ್ರಾಫ್ಟ್ ನಮ್ಮದೇ ತಯಾರಿಕೆ. ಶವಪರೀಕ್ಷೆಯ ಕೋಣೆಗೆ ಬಂದ, ಸೋಂಕಿನಿಂದಲ್ಲದೆ ಪೆಟ್ಟಿನಿಂದ ಸತ್ತ ಎಮ್ಮೆಯ ತೊಡೆಮೂಳೆಯ ತಲೆಯ ಭಾಗದಲ್ಲಿ ಸಿಗುವ ಜಾಲರಿಯಂಥ ಮೂಳೆಯನ್ನು ತುಂಡರಿಸಿ, ಕುದಿಸಿ, ಕೊಬ್ಬು ತೆಗೆದು, ಮಫಲ್ ಕುಲುಮೆಯಲ್ಲಿ ಸುಟ್ಟರೆ ಉಳಿಯುವುದು ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್. ಹೇಳುವುದಕ್ಕೆ ಇಷ್ಟೇ, ಆದರೆ ಮೊದಲ ಕುಲುಮೆಯಿಂದ ಹೊರಬಂದದ್ದು ಒಳಗೆಲ್ಲ ಬೂದು ಬಣ್ಣದ ಚೂರುಗಳು. ಕೊಬ್ಬು ಪೂರ್ತಿ ಹೋಗಿರಲಿಲ್ಲ, ಗಾಳಿಯೂ ಸಾಲದೆ ಇಂಗಾಲ ಒಳಗೇ ಉಳಿದಿತ್ತು. ಅದನ್ನು ಸರಿಪಡಿಸಲು ಬಿಸಿಯನ್ನು 1100 ಡಿಗ್ರಿಯ ಮೇಲೆ ಏರಿಸಿದಾಗ ಹಾಲಿನಂತೆ ಬಿಳಿಯಾಯಿತು, ಆದರೆ ಸಣ್ಣ ರಂಧ್ರಗಳು ಬೆಸೆದುಕೊಂಡು ಪಿಂಗಾಣಿಯಾಗಿಬಿಟ್ಟಿತು. ಶಾಯಿ ಹನಿಸಿದರೆ ಹೀರಿಕೊಳ್ಳಲೇ ಇಲ್ಲ. ಕೊನೆಗೆ 900 ಡಿಗ್ರಿಯ ಸುತ್ತಮುತ್ತ ನಿಂತೆ. ಅಲ್ಲಿಗೆ ಏರುವ ವೇಗ ಎಷ್ಟು, ನಡುವೆ ಎಲ್ಲಿ ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದನ್ನು ಇಲ್ಲಿ ಬರೆಯುತ್ತಿಲ್ಲ, ಅದಕ್ಕಾಗಿ ಕಳೆದ ರಾತ್ರಿಗಳ ಬೆಲೆ ನನಗೆ ಗೊತ್ತು. ಕಣಗಳನ್ನು ಜರಡಿ ಹಿಡಿದು ಅರ್ಧ ಮಿ.ಮೀ. ಆಸುಪಾಸಿನವನ್ನು ಮಾತ್ರ ಇಟ್ಟುಕೊಂಡೆ. ಬಿಡಿ ಕಣಗಳು ಗಾಯದಲ್ಲಿ ನಿಲ್ಲದೆ ಸ್ನಾಯುಗಳ ನಡುವೆ ಜಾರುತ್ತಿದ್ದವು. ಅದೇ ಮೊಲದ ಸೊಂಟದ ಮೂಳೆಯಿಂದ ಎಳೆದ ಮಜ್ಜೆಯಲ್ಲಿ ಕಲಸಿ ಹೆಪ್ಪುಗಟ್ಟಲು ಬಿಟ್ಟರೆ ಉಂಡೆಯಂತೆ ನಿಲ್ಲುತ್ತದೆ. ಮಜ್ಜೆಯಿಲ್ಲದ ಗುಂಪಿಗೆ ಅದರದೇ ರಕ್ತ. ಕಲಸುವ ಪ್ರಮಾಣವೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಅಮೆರಿಕದ ಮೂಳೆ ಶಸ್ತ್ರವೈದ್ಯ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಖನಿಜ ಕಳೆದ ಮೂಳೆಯನ್ನು ಸ್ನಾಯುವಿನೊಳಗಿಟ್ಟು ಅಲ್ಲಿ ಹೊಸ ಮೂಳೆ ಹುಟ್ಟಿದ್ದನ್ನು ತೋರಿಸಿದ ಪ್ರಯೋಗವನ್ನು ನಾನೂ ಕಣ್ಣಾರೆ ನೋಡಬೇಕೆನಿಸಿ, ಸಮಿತಿಯ ಒಪ್ಪಿಗೆ ಪಡೆದು ಖಾಲಿ ಗುಂಪಿನ ಎರಡು ಮೊಲಗಳ ತೊಡೆಯ ಸ್ನಾಯುವಿನಲ್ಲಿ ಒಂದು ಕಡೆ ನಮ್ಮ ಕಣಗಳನ್ನೂ ಇನ್ನೊಂದು ಕಡೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಖನಿಜ ಕಳೆದ ಮೊಲದ ಮೂಳೆಯನ್ನೂ ಇಟ್ಟೆ. ಕಣಗಳ ಸುತ್ತ ಬರೀ ನಾರಿನ ಚೀಲ. ಖನಿಜ ಕಳೆದ ಚೂರಿನ ಅಂಚಿನಲ್ಲಿ ಒಂದು ಮೊಲದಲ್ಲಿ ನಿಜವಾದ ಮೂಳೆಯ ದ್ವೀಪಗಳು. ನಮ್ಮ ಕಣಗಳು ಮೂಳೆಗೆ ಹಾದಿ ಮಾಡಿಕೊಡುತ್ತವೆಯೇ ಹೊರತು ತಾವಾಗಿ ಹುಟ್ಟಿಸುವುದಿಲ್ಲ ಎಂದು ಆಗಲೇ ಗೊತ್ತಾಯಿತು. ಮಜ್ಜೆ ಸೇರಿಸುವ ಹಠ ಬಂದದ್ದು ಅದರಿಂದಲೇ.

ಎಕ್ಸ್-ರೇ ಈ ಕೆಲಸದಲ್ಲಿ ಮೋಸ ಮಾಡುತ್ತದೆ. ಕಣಗಳೇ ಬಿಳಿಯಾಗಿ ಕಾಣುವುದರಿಂದ ಶಸ್ತ್ರಚಿಕಿತ್ಸೆ ಮುಗಿದ ಗಳಿಗೆಯಲ್ಲೇ ಗಾಯ ತುಂಬಿದಂತಿರುತ್ತದೆ, ಅಂಕ ಕೊಡುವವರು ಮೊದಲ ದಿನವೇ ಪೂರ್ಣಾಂಕ ಕೊಟ್ಟುಬಿಡುತ್ತಾರೆ. ನೋಡಬೇಕಾದದ್ದು ಬಿಳುಪನ್ನಲ್ಲ, ಕಣ ಮತ್ತು ಮೂಳೆಯ ತುದಿಯ ನಡುವಿನ ಸಣ್ಣ ಕಪ್ಪು ಅಂತರ ಯಾವಾಗ ಅಳಿಸುತ್ತದೆ ಎಂಬುದನ್ನು. ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡ್‌ಗಳ ಕಷ್ಟ ಬೇರೆ. ಅವಸರಕ್ಕೆ ನೈಟ್ರಿಕ್ ಆಮ್ಲದಲ್ಲಿ ಮೆದುಗೊಳಿಸಿದ ತುಂಡುಗಳಲ್ಲಿ ಬಣ್ಣ ಸರಿಯಾಗಿ ಹಿಡಿಯಲಿಲ್ಲ. ಅನಂತರ ಎಲ್ಲವನ್ನೂ ಖನಿಜವನ್ನು ನಿಧಾನವಾಗಿ ಕರಗಿಸುವ 10 ಶೇಕಡಾ ಇಡಿಟಿಎ ದ್ರಾವಣದಲ್ಲಿ ಐದಾರು ವಾರ ಇಟ್ಟೆ, ವಾರಕ್ಕೆರಡು ಬಾರಿ ದ್ರಾವಣ ಬದಲಿಸಿದೆ. ಕಣಗಳು ಅದರಲ್ಲಿ ಕರಗಿಹೋಗಿ ಅವುಗಳ ಆಕಾರದ ಖಾಲಿ ಕಿಂಡಿಗಳಷ್ಟೇ ಉಳಿಯುತ್ತವೆ, ಅದರಿಂದ ಗಾಬರಿಯಾಗಬೇಕಿಲ್ಲ; ಕಿಂಡಿಯ ಅಂಚಿಗೆ ಮೂಳೆ ನೇರವಾಗಿ ಅಂಟಿದೆಯೋ ಇಲ್ಲ ನಡುವೆ ನಾರಿದೆಯೋ ಎಂಬುದೇ ಉತ್ತರ. ಪಶುವೈದ್ಯರಾದ ನಮ್ಮೆಲ್ಲರ ಚೀಲದಲ್ಲೂ ಇರುವ ಆಂಟಿಬಯಾಟಿಕ್ ಆಕ್ಸಿಟೆಟ್ರಾಸೈಕ್ಲಿನ್ ಹೊಸ ಮೂಳೆಯಲ್ಲಿ ಕುಳಿತು ನೇರಳಾತೀತ ಬೆಳಕಿನಲ್ಲಿ ಹಳದಿಯಾಗಿ ಹೊಳೆಯುತ್ತದೆಂಬುದನ್ನು ಬಳಸಿಕೊಂಡು, ಕೆಲವು ಮೊಲಗಳಿಗೆ ಎರಡು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು ಕೊಟ್ಟೆ. ಆ ತುಂಡುಗಳನ್ನು ಮಾತ್ರ ಖನಿಜ ಕಳೆಯದೆ ಕೈಯಲ್ಲೇ ತಿಕ್ಕಿ ತೆಳುವಾಗಿಸಬೇಕಾಯಿತು. ಎರಡು ಹಳದಿ ಗೆರೆಗಳ ನಡುವಿನ ಅಂತರವೇ ಆ ಎರಡು ವಾರಗಳ ಬೆಳವಣಿಗೆ. ನೂರು ರೂಪಾಯಿಯೊಳಗಿನ ಔಷಧಿಗೆ ಇಷ್ಟು ಮಾಹಿತಿ ಬೇರೆಲ್ಲೂ ಸಿಗದು.

ಹದಿನಾರನೆಯ ವಾರದಲ್ಲಿ ಖಾಲಿ ಗುಂಪಿನ ಆರರಲ್ಲಿ ಒಂದರಲ್ಲೂ ಮೂಳೆ ಕೂಡಿಕೊಂಡಿರಲಿಲ್ಲ. ತುದಿಗಳು ದುಂಡಗಾಗಿ, ಮಜ್ಜೆಯ ಕೊಳವೆ ಮುಚ್ಚಿ, ನಡುವೆ ಬರೀ ನಾರು ತುಂಬಿತ್ತು. ಮಜ್ಜೆ ಬೆರೆಸಿದ ಕಣಗಳ ಗುಂಪಿನಲ್ಲಿ ಐದು ಕೂಡಿಕೊಂಡಿದ್ದವು. ಮಜ್ಜೆಯಿಲ್ಲದ ಕಣಗಳಿದ್ದಲ್ಲಿ ಎರಡೂ ತುದಿಗಳಿಂದ ಮೂಳೆ ಒಳಗೆ ಬಂದಿದ್ದರೂ ಬಹುತೇಕ ಮೊಲಗಳಲ್ಲಿ ನಡುಭಾಗ ತಲುಪಿರಲಿಲ್ಲ. ಹೋಲಿಕೆಗೆಂದು ಉಳಿದ ಗುಂಪಿಗೆ ತುಂಬಿದ್ದ ಮೊಲದ್ದೇ ಮೂಳೆಯ ಗ್ರಾಫ್ಟ್ ಇವೆಲ್ಲಕ್ಕಿಂತ ಮುಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಖಾಲಿ ಗುಂಪಿನ ಫಿಲ್ಮ್‌ಗಳನ್ನು ಹಿರಿಯ ಪ್ರಾಧ್ಯಾಪಕರು ಬೆಳಕಿನ ಪೆಟ್ಟಿಗೆಯ ಮೇಲೆ ಒಂದೊಂದಾಗಿ ಇಟ್ಟು ನೋಡಿ, “ಅಲ್ನಾ ಮುಟ್ಟಿಲ್ಲ ಕಣಯ್ಯ” ಎಂದಷ್ಟೇ ಹೇಳಿದರು. ಮರುವರ್ಷ ಅವರ ವಿದ್ಯಾರ್ಥಿಗೂ ಇದೇ ಮಾದರಿಯನ್ನು ಕೊಟ್ಟಿದ್ದಾರೆ, ಬ್ಯಾಂಡ್ ತೂರಿಸುವುದನ್ನು ನಾನೇ ಕಲಿಸಿಕೊಟ್ಟೆ.

ಲೆಕ್ಕ ನೆನಪಿನಿಂದ ಹೇಳುವುದಾದರೆ ಮೊಲಗಳಿಗೆ ಮೂವತ್ತೈದು ಸಾವಿರದ ಹತ್ತಿರ, ಮೇವು ಮತ್ತು ಪಂಜರಕ್ಕೆ ಅದಕ್ಕಿಂತ ಸ್ವಲ್ಪ ಹೆಚ್ಚು, ರಾಸಾಯನಿಕ ಮತ್ತು ಸ್ಲೈಡ್‌ಗಳಿಗೆ ಇಪ್ಪತ್ತೈದು ಸಾವಿರ. ಮೂಳೆಯ ಒಳರಚನೆಯನ್ನು ಸೂಕ್ಷ್ಮವಾಗಿ ತೋರಿಸುವ ಮೈಕ್ರೋ ಸಿ.ಟಿ. ಸ್ಕ್ಯಾನಿಗೆ ಒಂದು ತುಂಡಿಗೆ ಮೂರು ಸಾವಿರದ ಮೇಲೆ ಕೇಳಿದ್ದರಿಂದ ಗುಂಪಿಗೆ ಎರಡರಂತೆ ಮಾತ್ರ ಕಳಿಸಿದೆ. ಈ ಮಾದರಿಯಿಂದ ಮೂಳೆಯ ಬಲ ಅಳೆಯಲು ಹೊರಟವರಿಗೆ ಮಾತ್ರ ಇದು ಒದಗದು: ಅಲ್ನಾವನ್ನು ಬಿಡಿಸದೆ ಬಗ್ಗಿಸಿದರೆ ಅಳೆಯುವುದು ಎರಡು ಮೂಳೆಗಳ ಬಲ, ಬಿಡಿಸಲು ಹೋದರೆ ಹೊಸ ಮೂಳೆಯೇ ಬಿರುಕು ಬಿಡುತ್ತದೆ. ಆ ಪರೀಕ್ಷೆಗಾಗಿ ಆಡಿನ ಟಿಬಿಯಾದ ಕಡತ ಈಗ ಕೇಂದ್ರದ ಸಮಿತಿಗೆ ಹೋಗಿದೆ, ಪ್ಲೇಟುಗಳ ದರಪಟ್ಟಿಯನ್ನೂ ತರಿಸಿಟ್ಟಿದ್ದೇನೆ.