ಹೈಬ್ರಿಡ್ ಕಾರಿಗೆ ಯಾವ ಆಯಿಲ್ ಬಿತ್ತು? ಸುರಿಯುವ ಮೊದಲೇ ಕೇಳಿ

ಚಳ್ಳಕೆರೆಯಿಂದ ಶೇಂಗಾ ಎಣ್ಣೆ ತಂದರೆ ನಮ್ಮ ಅಮ್ಮ ಅದನ್ನು ಸುಮ್ನೆ ಡಬ್ಬಿಗೆ ಸುರಿಯುವುದಿಲ್ಲ. ಮೊದಲು ಮೂಸುತ್ತಾರೆ. ಅಂಗೈಗೆ ಒಂದು ಹನಿ ಹಾಕಿ ತಿಕ್ಕುತ್ತಾರೆ. ಯಾವ ಗಾಣದ್ದು ಅಂತ ಕೇಳುತ್ತಾರೆ. ಅದೇ ಮನೆಯಲ್ಲಿ ಬೆಳೆದ ನಾನು, ದಾವಣಗೆರೆಯಲ್ಲಿ ಹೈಬ್ರಿಡ್ ಕಾರನ್ನು (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಕಾರು) ಸರ್ವಿಸ್‌ಗೆ ಬಿಟ್ಟು ಎಸಿ ರೂಮಿನಲ್ಲಿ ಟೀ ಕುಡಿಯುತ್ತಾ ಕೂತಿದ್ದೆ. ಇಂಜಿನ್‌ಗೆ ಏನು ಸುರಿದರು ಅಂತ ಕೇಳಲೇ ಇಲ್ಲ.

ಗೊತ್ತಾದದ್ದು ಮೂರು ವಾರದ ಮೇಲೆ. ಇನ್ಶೂರೆನ್ಸ್ ಕಾಗದ ಹುಡುಕುವಾಗ ಸರ್ವಿಸ್ ಬಿಲ್ ಕೈಗೆ ಸಿಕ್ಕಿತು. ಅದರಲ್ಲಿ ಆಯಿಲ್ ಗ್ರೇಡ್, ಅಂದರೆ ಅದರ ದಪ್ಪ ಹೇಳುವ ಗುರುತು, 5ಡಬ್ಲ್ಯು-30 ಅಂತ ಇತ್ತು. ಮ್ಯಾನುಯಲ್ ತೆಗೆದರೆ 0ಡಬ್ಲ್ಯು-16. ಫೋನ್ ಮಾಡಿದೆ. ‘ಎರಡೂ ಸಿಂಥೆಟಿಕ್ಕೇ ಸರ್, ಏನೂ ಆಗಲ್ಲ ಬಿಡ್ರಿ’ ಅಂದರು. ನಿಜ ಹೇಳಬೇಕೆಂದರೆ, ಮೂರು ವಾರ ಓಡಿಸಿದ ನನಗೂ ಏನೂ ಆದಂತೆ ಕಂಡಿರಲಿಲ್ಲ. ಬ್ರೇಕ್ ಸರಿ ಇಲ್ಲದಿದ್ದರೆ ಕಾಲಿಗೆ ಗೊತ್ತಾಗುತ್ತದೆ. ಎಸಿ ಕೆಟ್ಟರೆ ಬೆವರು ಹೇಳುತ್ತದೆ. ಆಯಿಲ್ ಬೇರೆಯಾದರೆ ಬಿಲ್ ಓದಿದವರಿಗೆ ಮಾತ್ರ ಗೊತ್ತಾಗುತ್ತದೆ.

ಮೋಸ ಅಲ್ಲ, ಡ್ರಮ್ಮಿನ ಕಥೆ

ಮರುದಿನ ಹೋಗಿ ವರ್ಕ್‌ಶಾಪ್ ಒಳಗೆ ನಿಂತು ನೋಡಿದಾಗ ಅರ್ಥವಾಯಿತು. ಇನ್ನೂರು ಲೀಟರ್‌ಗಿಂತ ಜಾಸ್ತಿ ಹಿಡಿಯುವ ದೊಡ್ಡ ಡ್ರಮ್. ಅದರಿಂದ ಪೈಪ್. ಪೈಪಿನ ತುದಿಗೆ ಪೆಟ್ರೋಲ್ ಬಂಕಿನಲ್ಲಿರುವಂಥದ್ದೇ ಗನ್. ದಿನವಿಡೀ ಬರುವ ಹೆಚ್ಚಿನ ಕಾರುಗಳಿಗೆ ಹೊಂದುವ ಆಯಿಲ್ ಅದರಲ್ಲಿ ತುಂಬಿರುತ್ತದೆ. ಹೈಬ್ರಿಡ್‌ನದ್ದು ಬೇರೆ ಕ್ಯಾನ್. ಅದನ್ನು ಸ್ಟೋರ್‌ಗೆ ಹೋಗಿ ಸಹಿ ಹಾಕಿ ತರಬೇಕು. ಊಟದ ಹೊತ್ತು, ಹೊರಗೆ ಆರು ಕಾರು ಕಾಯುತ್ತಿವೆ. ಹುಡುಗ ಕೈಗೆ ಸಿಕ್ಕ ಪೈಪ್ ಎಳೆಯುತ್ತಾನೆ. ಅಷ್ಟೇ.

ಇನ್ನೊಂದು ಗೊಂದಲ ಕಾರಿನ ಹೆಸರಿನದ್ದು. ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾದ ಹೈರೈಡರ್ ಎರಡರಲ್ಲೂ ಮೈಲ್ಡ್ ಹೈಬ್ರಿಡ್ (ಮೋಟಾರ್ ಇಂಜಿನ್‌ಗೆ ಬರೀ ನೆರವಾಗುವಂಥದ್ದು) ಇದೆ, ಸ್ಟ್ರಾಂಗ್ ಹೈಬ್ರಿಡ್ (ಸ್ವಲ್ಪ ದೂರ ಮೋಟಾರ್ ಒಂದರಲ್ಲೇ ಓಡಬಲ್ಲದ್ದು) ಕೂಡ ಇದೆ. ಮೈಲ್ಡ್‌ನಲ್ಲಿ ನಾಲ್ಕು ಸಿಲಿಂಡರ್, ಸ್ಟ್ರಾಂಗ್‌ನಲ್ಲಿ ಮೂರು. ಇಂಜಿನ್ನೇ ಬೇರೆ. ಇನ್ನೋವಾ ಅಂದರೆ ಕ್ರಿಸ್ಟಾ ಡೀಸೆಲ್ ಆಗಿರಬಹುದು, ಹೈಕ್ರಾಸ್ ಪೆಟ್ರೋಲ್ ಆಗಿರಬಹುದು, ಹೈಕ್ರಾಸ್ ಹೈಬ್ರಿಡ್ ಆಗಿರಬಹುದು. ಹೋಂಡಾ ಸಿಟಿ ಮಾಮೂಲಿ ಪೆಟ್ರೋಲ್‌ನಲ್ಲೂ ಬಂದಿದೆ, ಹೈಬ್ರಿಡ್‌ನಲ್ಲೂ ಬಂದಿದೆ. ಜಾಬ್ ಕಾರ್ಡ್‌ನಲ್ಲಿ (ಕಾರಿಗೆ ಮಾಡಬೇಕಾದ ಕೆಲಸ ಬರೆಯುವ ಚೀಟಿ) ಬರೀ ಮಾಡೆಲ್ ಹೆಸರು ಬರೆದು ಒಳಗೆ ಕಳಿಸಿದರೆ ಮೆಕ್ಯಾನಿಕ್ ಊಹೆ ಮಾಡಬೇಕಾಗುತ್ತದೆ.

‘ನಮ್ಮ ಬಿಸಿಲಿಗೆ ತೆಳು ಎಣ್ಣೆ ಸಾಕಾಗಲ್ಲ’

ಈ ಮಾತನ್ನು ಸರ್ವಿಸ್ ಸೆಂಟರಿನವರಿಗಿಂತ ಮೊದಲು ಹೇಳಿದ್ದು ಚಿತ್ರದುರ್ಗದ ನಮ್ಮ ಭಾವ. ‘ಡಬ್ಲ್ಯು ಅಂದ್ರೆ ವಿಂಟರ್ ಅಲ್ವೇನೋ? ಸೊನ್ನೆ ಡಿಗ್ರಿ ಚಳಿ ದುರ್ಗದಾಗೆ ಯಾವಾಗ ಬಿದ್ದಿತ್ತು? ಗಟ್ಟಿ ಎಣ್ಣೇನೇ ಹಾಕಿಸು, ಇಂಜಿನ್ ಬಾಳಿಕೆ ಬರುತ್ತೆ.’ ಭಾವನ ಮಾತಿನಲ್ಲಿ ಅರ್ಧ ಸರಿ.

ಡಬ್ಲ್ಯು ಅಂದರೆ ವಿಂಟರ್ ಹೌದು. ಆದರೆ ಅದರ ಹಿಂದಿನ ಸೊನ್ನೆ ಹವಾಮಾನದ ಡಿಗ್ರಿ ಅಲ್ಲ. ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದರ ದರ್ಜೆ ಅದು. ಅಂಕಿ ಚಿಕ್ಕದಾದಷ್ಟೂ ಹರಿವು ಸಲೀಸು. ಮುಂದಿನ 16, 20, 30 ಆಯಿಲ್ ಬಿಸಿಯಾದ ಮೇಲಿನ ದಪ್ಪವನ್ನು ಹೇಳುತ್ತವೆ. ಅದನ್ನು ಅಳೆಯುವುದು 100 ಡಿಗ್ರಿಯಲ್ಲಿ. ಓಡುವ ಇಂಜಿನ್ ಒಳಗಿನ ಆಯಿಲ್ ಹೆಚ್ಚುಕಡಿಮೆ ಅಷ್ಟೇ ಬಿಸಿ ಇರುತ್ತದೆ. ಹೊರಗೆ ಏಪ್ರಿಲ್ ಬಿಸಿಲು ಇರಲಿ, ಡಿಸೆಂಬರ್ ಮಂಜು ಇರಲಿ, ಇಂಜಿನ್ ತನ್ನ ಬಿಸಿಯನ್ನು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್‌ನಿಂದ ಕಾಯ್ದುಕೊಳ್ಳುತ್ತದೆ. ಹಾಗಾಗಿ ಊರಿನ ಬಿಸಿಲು ನೋಡಿ ಗ್ರೇಡ್ ಬದಲಿಸುವ ಕೆಲಸ ನಮ್ಮದಲ್ಲ. ಇಂಜಿನ್ ಕಟ್ಟಿದವರು ಭಾರತಕ್ಕೆಂದು ಅಚ್ಚು ಹಾಕಿಸಿದ ಮ್ಯಾನುಯಲ್‌ನಲ್ಲಿ ಏನಿದೆಯೋ ಅದು.

ಹೈಬ್ರಿಡ್‌ಗೆ ಈ ತೆಳು ಆಯಿಲ್ ಯಾಕೆ? ಒಂದು, ಮೈಲೇಜ್. ದಪ್ಪ ಆಯಿಲ್ ತಳ್ಳಿಕೊಂಡು ತಿರುಗಲು ಇಂಜಿನ್‌ಗೆ ಶಕ್ತಿ ಬೇಕು, ಆ ಶಕ್ತಿ ಪೆಟ್ರೋಲಿನದ್ದು. ಇನ್ನೊಂದು, ಹೈಬ್ರಿಡ್‌ನ ಸ್ವಭಾವ. ವಿದ್ಯಾನಗರದಿಂದ ಪಿ.ಬಿ. ರಸ್ತೆಗೆ ಬಂದು ಹೋಗುವಷ್ಟರಲ್ಲಿ ಇಂಜಿನ್ ಎಷ್ಟು ಸಲ ಎದ್ದು ಎಷ್ಟು ಸಲ ಮಲಗುತ್ತದೋ ಲೆಕ್ಕವಿಲ್ಲ. ಎದ್ದಾಗಲೆಲ್ಲ ಆಯಿಲ್ ಬೇಗ ಮೇಲೆ ಏರಬೇಕು. ಇಷ್ಟು ಚಿಕ್ಕ ಓಡಾಟದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದೂ ಇಲ್ಲ. ನೀರಿನ ಪಸೆ, ಸುಡದ ಪೆಟ್ರೋಲ್ ಸ್ವಲ್ಪ ಸ್ವಲ್ಪ ಆಯಿಲ್‌ಗೆ ಸೇರುತ್ತವೆ. ಹೈವೇಯಲ್ಲಿ ದುರ್ಗಕ್ಕೆ ಹೋಗಿಬಂದರೆ ಅದು ಆವಿಯಾಗಿ ಹೋಗುತ್ತದೆ, ಊರೊಳಗೇ ತಿರುಗುವ ಕಾರಿನಲ್ಲಿ ಉಳಿಯುತ್ತದೆ. ಅದಕ್ಕೇ ಕಿಲೋಮೀಟರ್ ಆಗಿಲ್ಲ ಅಂತ ವರ್ಷಗಟ್ಟಲೆ ಬಿಡಬೇಡಿ. ಮ್ಯಾನುಯಲ್‌ನಲ್ಲಿ ಕಿಲೋಮೀಟರ್ ಜೊತೆ ತಿಂಗಳೂ ಬರೆದಿರುತ್ತದೆ. ಯಾವುದು ಮೊದಲೋ ಅದು.

ಹಾಗಂತ ಹೆದರಬೇಕಾಗಿಲ್ಲ. ಒಂದು ಸಲ 5ಡಬ್ಲ್ಯು-30 ಬಿದ್ದ ಮಾತ್ರಕ್ಕೆ ಇಂಜಿನ್ ಸುಟ್ಟುಹೋಗುವುದಿಲ್ಲ. ಕೆಲವು ಟೊಯೋಟಾ ಮ್ಯಾನುಯಲ್‌ಗಳು 0ಡಬ್ಲ್ಯು-16 ಸಿಗದಿದ್ದರೆ 0ಡಬ್ಲ್ಯು-20 ಹಾಕಬಹುದು, ಆದರೆ ಮುಂದಿನ ಸಲ 16ಕ್ಕೇ ಬರಬೇಕು ಅನ್ನುತ್ತವೆ. ಅಂದರೆ ಸಡಿಲ ಇದೆ. ಎಷ್ಟು ಸಡಿಲ ಅನ್ನುವುದನ್ನು ನಿಮ್ಮ ಕಾರಿನ ಪುಸ್ತಕ ಹೇಳಬೇಕು. ನನ್ನ ತಕರಾರು ಇಷ್ಟೇ: ವಾರಂಟಿ ಇರುವ ಕಾರಿನಲ್ಲಿ ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ, ಪುಸ್ತಕದಲ್ಲಿಲ್ಲದ ಆಯಿಲ್ ಇರುವ ಬಿಲ್ಲೇ ನಮ್ಮ ಕೈಯಲ್ಲಿರುತ್ತದೆ.

ಹಿಂದಿನ ರಾತ್ರಿ ಹತ್ತು ನಿಮಿಷ

ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಮ್ಯಾನುಯಲ್ ತೆಗೆಯಿರಿ. ಕೊನೆಯ ಭಾಗದಲ್ಲಿ ಆಯಿಲ್ ಗ್ರೇಡ್, ಗುಣಮಟ್ಟದ ದರ್ಜೆ, ಲೀಟರ್ ಲೆಕ್ಕ ಇರುವ ಪುಟ ಸಿಗುತ್ತದೆ. ಲೀಟರ್ ಲೆಕ್ಕ ಎರಡು ಇರುತ್ತದೆ, ಫಿಲ್ಟರ್ ಬದಲಿಸಿದರೆ ಇಷ್ಟು, ಬದಲಿಸದಿದ್ದರೆ ಇಷ್ಟು. ಫೋಟೋ ತೆಗೆದುಕೊಳ್ಳಿ. ಬಾನೆಟ್ ಎತ್ತಿ ಆಯಿಲ್ ಸುರಿಯುವ ಮುಚ್ಚಳವನ್ನೂ ನೋಡಿ. ಬಹಳ ಕಾರುಗಳಲ್ಲಿ ಗ್ರೇಡ್ ಅದರ ಮೇಲೇ ಇರುತ್ತದೆ. ಒಂದು ಎಚ್ಚರಿಕೆ: ಹೈಬ್ರಿಡ್ ಕಾರು ‘ರೆಡಿ’ ದೀಪ ಹೊತ್ತಿದ್ದರೆ ಸದ್ದಿಲ್ಲದೆ ನಿಂತಿದ್ದರೂ ಇಂಜಿನ್ ಯಾವಾಗ ಬೇಕಾದರೂ ಏಳಬಹುದು. ಪವರ್ ಪೂರ್ತಿ ಆಫ್ ಮಾಡಿಯೇ ಒಳಗೆ ಕೈ ಹಾಕಿ.

ಸರ್ವಿಸ್ ಬುಕ್ ಮಾಡುವ ಫೋನಿನಲ್ಲೇ ‘ಹೈಬ್ರಿಡ್‌ಗೆ 0ಡಬ್ಲ್ಯು-16 ಸ್ಟಾಕ್ ಇದೆಯಾ?’ ಅಂತ ಕೇಳಿ. ಇಲ್ಲ ಅಂದರೆ ಎರಡು ದಿನ ತಡವಾಗಿ ಹೋಗಿ. ಬೆಳಿಗ್ಗೆ ಹೋಗಿ ನಿಂತ ಮೇಲೆ ‘ಇಲ್ಲ’ ಅಂದರೆ ನಾವೂ ‘ಇರೋದೇ ಹಾಕಿ’ ಅಂದುಬಿಡುತ್ತೇವೆ, ಅಲ್ವಾ?

ಜಾಬ್ ಕಾರ್ಡ್

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ. ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡ್ ತುಂಬಿಸಿ ಸಹಿ ಕೇಳುತ್ತಾರೆ. ಅದರಲ್ಲಿ ‘ಇಂಜಿನ್ ಆಯಿಲ್’ ಅಂತ ಮಾತ್ರ ಇದ್ದರೆ ಸಹಿ ಹಾಕಬೇಡಿ. ‘ಸ್ಟ್ರಾಂಗ್ ಹೈಬ್ರಿಡ್, 0ಡಬ್ಲ್ಯು-16, ಇಷ್ಟು ಲೀಟರ್, ಹೊಸ ಫಿಲ್ಟರ್’ ಅಂತ ಬರೆಸಿ. ನಿಮ್ಮ ಕಾರಿಗೆ 0ಡಬ್ಲ್ಯು-20 ಇದ್ದರೆ ಅದನ್ನು. ಜೊತೆಗೆ ‘ಬೇರೆ ಗ್ರೇಡ್ ಹಾಕುವ ಮೊದಲು ಫೋನ್ ಮಾಡಿ’ ಅನ್ನುವ ಒಂದು ಸಾಲು. ಎಸ್ಟಿಮೇಟ್‌ನಲ್ಲೂ ಅದೇ ಗ್ರೇಡ್ ಬಂದಿದೆಯಾ ನೋಡಿ. ಕಾರ್ಡಿನ ಫೋಟೋ ತೆಗೆದು ಅಡ್ವೈಸರ್‌ಗೇ ವಾಟ್ಸ್ಆಪ್ ಮಾಡಿ.

ಮೊದಲ ಸಲ ಹೀಗೆ ಕೇಳುವಾಗ ನನಗೆ ಸಂಕೋಚವಾಯಿತು. ಅವರ ಕೆಲಸದ ಮೇಲೆ ಅನುಮಾನ ಪಟ್ಟಂತೆ ಆಗುತ್ತದಲ್ಲ ಅಂತ. ಹೇಳುವ ಧಾಟಿ ಇದೆ. ‘ಹೋದ ಸಲ ಅದಲು ಬದಲು ಆಗಿತ್ತು ನೋಡ್ರಿ, ಈ ಸಲ ಬರೆದುಬಿಡೋಣ’ ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. ಅಡ್ವೈಸರ್‌ಗೂ ಒಳ್ಳೆಯದೇ. ಒಳಗಿನ ಹುಡುಗ ಪೈಪ್ ಎಳೆದರೆ ಬೈಸಿಕೊಳ್ಳುವವರು ಅವರೇ ತಾನೇ?

ಸುರಿಯುವಾಗ

ಹಳೇ ಆಯಿಲ್ ಇಳಿಸಿದ ಮೇಲೆ, ಹೊಸದು ಸುರಿಯುವ ಮೊದಲು ಕರೆಯಿರಿ ಅಂತ ಹೇಳಿಡಿ. ಒಳಗೆ ಬಿಡುವುದಿಲ್ಲ ಅಂದರೆ ಕ್ಯಾನ್ ಹಿಡಿದ ಫೋಟೋ ಕಳಿಸಲಿ, ಅದೂ ಸಾಕು.

ಕ್ಯಾನ್ ಮೇಲೆ ಮುಂದುಗಡೆ ದೊಡ್ಡದಾಗಿರುವ ‘ಫುಲ್ಲಿ ಸಿಂಥೆಟಿಕ್’ ಅನ್ನುವುದು ಗ್ರೇಡ್ ಅಲ್ಲ. 0ಡಬ್ಲ್ಯು-16 ಕೂಡ ಸಿಂಥೆಟಿಕ್ ಆಗಬಹುದು, 5ಡಬ್ಲ್ಯು-40 ಕೂಡ ಆಗಬಹುದು. ಹಿಂಬದಿ ನೋಡಿ. ಉದ್ದಿನ ವಡೆಯ ಹಾಗೆ ನಡುವೆ ಜಾಗ ಬಿಟ್ಟ ದುಂಡು ಗುರುತು ಇದ್ದರೆ ಅದು ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುರುತು. ನಡುವೆ ಗ್ರೇಡ್, ಮೇಲೆ ದರ್ಜೆ. ‘ಎಸ್‌ಪಿ’ ಅನ್ನುವ ದರ್ಜೆ ಬಂದದ್ದು 2020ರ ಮೇ ತಿಂಗಳಲ್ಲಿ, ‘ಎಸ್‌ಕ್ಯೂ’ 2025ರಲ್ಲಿ. ‘ಜಿಎಫ್-6ಬಿ’ ಅಂತ ಇದ್ದರೆ ಅದು 0ಡಬ್ಲ್ಯು-16ಗಾಗಿಯೇ ಮಾಡಿದ ದರ್ಜೆ, ಅದರ ಗುರುತು ಗುರಾಣಿಯ ಆಕಾರದ್ದು. ಕಾರು ಕಂಪನಿಯದೇ ಹೆಸರಿನ ಕ್ಯಾನ್ ಮೇಲೆ ಈ ಚಿತ್ರಗಳು ಇಲ್ಲದೆ ಬರೀ ಅಕ್ಷರ ಇರಬಹುದು. ಮ್ಯಾನುಯಲ್‌ನ ಫೋಟೋ ಜೊತೆ ತಾಳೆ ನೋಡಿದರೆ ಮುಗಿಯಿತು.

ಡ್ರಮ್ಮಿನ ಆಯಿಲ್ ಕೀಳು ಅಂತ ತಿಳಿಯಬೇಡಿ. ಡ್ರಮ್ ಮೇಲೆ ನಿಮ್ಮ ಗ್ರೇಡ್ ಇದ್ದರೆ ಧಾರಾಳವಾಗಿ ಹಾಕಿಸಿ. ಬಣ್ಣ ನೋಡಿ, ಬೆರಳಲ್ಲಿ ತಿಕ್ಕಿ ಗ್ರೇಡ್ ಹೇಳುತ್ತೇನೆ ಅನ್ನುವವರನ್ನು ಮಾತ್ರ ನಂಬಬೇಡಿ. ಅಮ್ಮನ ಶೇಂಗಾ ಎಣ್ಣೆ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ.

ಕ್ಯಾನ್ ಪೂರ್ತಿ ಬಿಲ್ ಮಾಡಿದ್ದರೆ ಉಳಿದ ಆಯಿಲ್ ನಿಮ್ಮದು, ಕೇಳಿ ತೆಗೆದುಕೊಳ್ಳಿ.

ಗೇಟ್ ದಾಟುವ ಮೊದಲು

ಬಿಲ್‌ನಲ್ಲಿ ಗ್ರೇಡ್, ಪಾರ್ಟ್ ನಂಬರ್, ಲೀಟರ್ ಮೂರೂ ಓದಿ. ಕೌಂಟರ್ ಮುಂದೆಯೇ. ಸಮತಟ್ಟು ಜಾಗದಲ್ಲಿ ಕಾರು ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗುರುತಿನ ನಡುವೆ ಇರಬೇಕು. ಮೇಲಿನ ಗುರುತು ದಾಟಿದ್ದರೆ ಅದೂ ತಪ್ಪೇ, ‘ಇರಲಿ ಬಿಡಿ ಜಾಸ್ತಿ’ ಅನ್ನುವಂಥದ್ದಲ್ಲ.

ಹೀಗೇ ಅದಲು ಬದಲಾಗಬಹುದಾದ ಇನ್ನೊಂದು ಎಣ್ಣೆ ಇದೆ. ಸ್ಟ್ರಾಂಗ್ ಹೈಬ್ರಿಡ್‌ನ ಎಸಿ ಕಂಪ್ರೆಸರ್ ಹೈ ವೋಲ್ಟೇಜ್ ಕರೆಂಟಿನಲ್ಲಿ ನಡೆಯುತ್ತದೆ. ಅದಕ್ಕೆ ಕರೆಂಟ್ ಹಾಯಿಸದ ಬೇರೆ ಎಣ್ಣೆ ಬೇಕು. ಮಾಮೂಲಿ ಕಾರಿನ ಕಂಪ್ರೆಸರ್ ಎಣ್ಣೆ ಬೆರೆತರೆ ಇನ್ಸುಲೇಷನ್ ಕೆಡುತ್ತದೆ. ರಸ್ತೆ ಬದಿಯಲ್ಲಿ ಎಸಿ ಗ್ಯಾಸ್ ತುಂಬಿಸುವ ಮುನ್ನ ಹೈಬ್ರಿಡ್ ಅಂತ ಹೇಳಿ. ಅದಕ್ಕೆ ಬೇಕಾದ ಎಣ್ಣೆ ಇಲ್ಲ ಅಂದರೆ ಕಾರು ತಿರುಗಿಸಿ.

ಆಗಲೇ ಬೇರೆ ಆಯಿಲ್ ಬಿದ್ದಿದ್ದರೆ

ಜಗಳ ಬೇಡ. ಬಿಲ್, ಜಾಬ್ ಕಾರ್ಡ್, ಮ್ಯಾನುಯಲ್ ಪುಟ ಮೂರನ್ನೂ ಒಂದೇ ಇಮೇಲ್‌ನಲ್ಲಿ ವರ್ಕ್‌ಶಾಪ್ ಮ್ಯಾನೇಜರ್‌ಗೆ ಕಳಿಸಿ. ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಉಚಿತವಾಗಿ ಬದಲಿಸಿಕೊಡಿ, ಸರ್ವಿಸ್ ದಾಖಲೆಯಲ್ಲಿ ತಿದ್ದಿ ಅಂತ ಕೇಳಿ. ನನ್ನ ಕಾರಿಗೆ ಅರ್ಧ ದಿನದಲ್ಲಿ ಮಾಡಿಕೊಟ್ಟರು. ಒಪ್ಪದಿದ್ದರೆ ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ ಅದೇ ಇಮೇಲ್ ಕಳಿಸಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆಯಿಲ್ ಬಿಲ್ಲಿಗೆ ಅಲ್ಲಿಯವರೆಗೆ ಹೋಗುವುದು ಅಪರೂಪ, ಆದರೆ ಕಾಗದ ಇದ್ದವರ ಮಾತು ಮೊದಲ ಇಮೇಲ್‌ನಲ್ಲೇ ನಡೆಯುತ್ತದೆ.

ನನ್ನ ಕಾರಿನ ಆಯಿಲ್ ಮುಚ್ಚಳದ ಪಕ್ಕ ಈಗ ಒಂದು ಚೀಟಿ ಅಂಟಿಸಿದ್ದೇನೆ. ‘ಹೈಬ್ರಿಡ್. 0ಡಬ್ಲ್ಯು-16 ಮಾತ್ರ. ಡ್ರಮ್ ಬೇಡ’ ಅಂತ ಮಗಳ ಕೈಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆಸಿದ್ದು. ಹೋದ ಸರ್ವಿಸ್‌ನಲ್ಲಿ ಬಾನೆಟ್ ಎತ್ತಿದ ಹುಡುಗ ಅದನ್ನು ಓದಿ ನಕ್ಕ. ಆಮೇಲೆ ಕೈಯಲ್ಲಿದ್ದ ಗನ್ ಕೊಂಡಿಗೆ ಸಿಕ್ಕಿಸಿ ಸ್ಟೋರ್ ಕಡೆ ನಡೆದ.