ರಾತ್ರಿಯ ಎರಡು ನಿಮಿಷ: ತಮ್ಮನ ಹಲ್ಲುಜ್ಜುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮನ ನಂತರ ತಮ್ಮನ ಹಲ್ಲುಜ್ಜುವ ಕೆಲಸ ನನ್ನ ಕೈಗೆ ಬಂತು. ಅವನಿಗೆ ಮೂವತ್ತು ದಾಟಿದೆ. ಬೌದ್ಧಿಕ ಬೆಳವಣಿಗೆ ಕಡಿಮೆ, ಜೊತೆಗೆ ಫಿಟ್ಸ್ ಉಂಟು. 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಈ ಕಡೆ ಇಂಥ ಮನೆಗಳು ಕಡಿಮೆಯೇನಿಲ್ಲ. ಇಂಥ ಮಕ್ಕಳಿಗಾಗಿಯೇ ಇರುವ ಬಡ್ಸ್ ಶಾಲೆಗೆ ಮಕ್ಕಳನ್ನು ಬಿಡಲು ಬರುವ ಅಮ್ಮಂದಿರು ಕೇಳುತ್ತಾರೆ, "ಅವನು ಬಾಯಿ ತೆರೆಯುವುದಾದರೂ ಹೇಗೆ ಮಾರಾಯ್ತಿ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಹುಳುಕು ಹಲ್ಲು ತುಂಬಿಸಿಕೊಳ್ಳುವುದು ನಮಗೆ ಅರ್ಧ ಗಂಟೆಯ ಕೆಲಸ. ಕುರ್ಚಿಯಲ್ಲಿ ಅಲ್ಲಾಡದೆ ಕೂರಲಾಗದವರಿಗೆ ಅಷ್ಟಕ್ಕೇ ಕೆಲವೊಮ್ಮೆ ಪೂರ್ತಿ ಅರಿವಳಿಕೆ ಬೇಕಾಗುತ್ತದೆ. ರಕ್ತಪರೀಕ್ಷೆ, ಉಪವಾಸ, ಅರಿವಳಿಕೆಯ ಡಾಕ್ಟರು, ಒಂದಿಡೀ ದಿನ. ಆದ್ದರಿಂದ ರಾತ್ರಿಯ ಎರಡು ನಿಮಿಷವನ್ನು ನಾನು ಯಾವ ಮದುವೆ ಮನೆಗೂ ಬಿಟ್ಟುಕೊಡುವುದಿಲ್ಲ. ಬೆಳಗ್ಗೆ ಅವನೇ ಉಜ್ಜಲಿ. ಅರ್ಧಂಬರ್ಧ ಆದರೂ ಅದು ಅವನ ಕೆಲಸ. ಬ್ರಷ್ಷಿನ ಹಿಡಿಕೆ ಕೈಗೆ ಸಿಗದವರಿಗೆ ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿ ತೊಡಿಸಿದರೆ ದಪ್ಪಗಾಗಿ ಹಿಡಿಯಲು ಬರುತ್ತದೆ.

ಎದುರು ನಿಂತು ಬ್ರಷ್ ಬಾಯಿಗೆ ಒಯ್ದರೆ ಜಗಳವೇ. ಹಿಂದೆ ನಿಲ್ಲಿ. ತಗ್ಗು ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ನಿಮ್ಮ ಹೊಟ್ಟೆಗೆ ಒರಗಿಸಿ, ಎಡಗೈಯಿಂದ ಗದ್ದ ಹಿಡಿದು ಬೆರಳಲ್ಲಿ ತುಟಿ ಸರಿಸಿ. ಬಚ್ಚಲಲ್ಲೇ ಆಗಬೇಕೆಂದಿಲ್ಲ, ನಮ್ಮದು ಜಗಲಿಯಲ್ಲಿ, ಬಲ್ಬಿನ ಕೆಳಗೆ. ತಲೆಯನ್ನು ತೀರಾ ಹಿಂದಕ್ಕೆ ಬಾಗಿಸಬೇಡಿ, ನೊರೆ ಗಂಟಲಿಗೆ ಇಳಿಯುತ್ತದೆ. ನುಂಗಲು ಕಷ್ಟ ಇರುವವರನ್ನು ಅಂಗಾತ ಮಲಗಿಸಿ ಉಜ್ಜಲೇಬಾರದು. ಹಾಸಿಗೆಯಲ್ಲೇ ಇರುವವರಾದರೆ ಮಗ್ಗುಲಿಗೆ ತಿರುಗಿಸಿ, ಕೆನ್ನೆಯ ಕೆಳಗೆ ಬೈರಾಸು (ಟವೆಲ್) ಹಾಸಿ.

ಬ್ರಷ್ ಮಕ್ಕಳದ್ದೇ ಸಾಕು: ಸಣ್ಣ ತಲೆ, ಮೆತ್ತಗಿನ ಎಳೆ. ಹಲ್ಲೂ ವಸಡೂ ಸೇರುವಲ್ಲಿ ಓರೆಯಾಗಿ ಇಟ್ಟು ಸಣ್ಣಗೆ ಆಡಿಸಿ. ದಿನವೂ ಒಂದೇ ಜಾಗದಿಂದ ಶುರು ಮಾಡಿ, ಒಂದೊಂದು ಕಡೆಗೂ ಗಟ್ಟಿಯಾಗಿ ಹತ್ತರವರೆಗೆ ಎಣಿಸಿ. ಹತ್ತು ಎಂದ ಕೂಡಲೇ ಬ್ರಷ್ ಹೊರಗೆ, ಎಷ್ಟೇ ಉಳಿದಿದ್ದರೂ. ಆ ಹತ್ತರ ಮೇಲೆ ನಂಬಿಕೆ ಬಂದ ಮೇಲೆಯೇ ತಮ್ಮ ಬಾಯಿ ತೆರೆಯಲು ಒಪ್ಪಿದ್ದು. ಬ್ರಷ್ಷನ್ನು ಕಚ್ಚಿ ಹಿಡಿದರೆ ಎಳೆಯಬೇಡಿ, ಕೆನ್ನೆ ಸವರುತ್ತಾ ಕಾಯಿರಿ. ಹಲ್ಲುಗಳ ನಡುವೆ ನಿಮ್ಮ ಬೆರಳು ಇಡಬೇಡಿ. ಚಂಡಿ (ಒದ್ದೆ) ಬೈರಾಸಿನ ಮೂಲೆಯನ್ನು ದಪ್ಪಗೆ ಸುತ್ತಿ ಒಂದು ಬದಿಯ ದವಡೆಗೆ ಕಚ್ಚಲು ಕೊಟ್ಟರೆ ಇನ್ನೊಂದು ಬದಿ ಕೈಗೆ ಸಿಗುತ್ತದೆ. ಫಿಟ್ಸ್ ಬಂದಾಗ ಮಾತ್ರ ಬಾಯಿಗೆ ಬಟ್ಟೆ, ಚಮಚ ಏನನ್ನೂ ತುರುಕಬಾರದು.

ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ, 1000 ಪಿಪಿಎಂ (ಹತ್ತು ಲಕ್ಷದಲ್ಲಿ 1000 ಪಾಲು) ಅಥವಾ ಮೇಲೆ. ಉಗುಳಲು ಬರುವವರಿಗೆ ಬಟಾಣಿಯಷ್ಟು, ನುಂಗುವವರಿಗೆ ಎಳೆಗಳಿಗೆ ಸವರಿದಷ್ಟು. ನೊರೆ ಉಗುಳಿದರೆ ಸಾಕು, ನೀರು ಹಾಕಿ ಮುಕ್ಕಳಿಸುವುದು ಬೇಡ. ಫ್ಲೋರೈಡ್ ಅಲ್ಲೇ ಉಳಿಯಲಿ. ಅಜ್ಜಿಗೆ ಉಮಿಕರಿಯ ಮೇಲೆ ಎಷ್ಟು ಪ್ರೀತಿ ಇದ್ದರೂ ಅದು ಹಲ್ಲನ್ನು ತೇಯುತ್ತದೆ, ಕೊಡಬೇಡಿ.

ಫಿಟ್ಸಿಗೆ ಫೆನಿಟಾಯಿನ್ ತೆಗೆದುಕೊಳ್ಳುವವರ ವಸಡು ದಪ್ಪಗೆ ಬೆಳೆದು ಹಲ್ಲನ್ನು ಮುಚ್ಚಿಕೊಳ್ಳಬಹುದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕೊಟ್ಟ ಡಾಕ್ಟರಿಗೆ ತೋರಿಸಿ, ಉಜ್ಜುವುದನ್ನು ಇನ್ನೂ ಚೊಕ್ಕ ಮಾಡಿ. ಡೌನ್ ಸಿಂಡ್ರೋಮ್ ಇರುವವರಿಗೆ ಹುಳುಕಿಗಿಂತ ವಸಡಿನ ರೋಗವೇ ಬೇಗ ಬರುತ್ತದೆ. ಸಿಹಿ ಸಿರಪ್ ಕೊಡುವುದಿದ್ದರೆ ಉಜ್ಜುವ ಮೊದಲೇ ಕೊಟ್ಟು ಮುಗಿಸಿ. "ಪಾಪ" ಎನ್ನುತ್ತಾ ಚಾಕೊಲೇಟ್ ಕೈಗಿಡುವ ನೆಂಟರಿಗೆ ನಾನು ನೇರವಾಗಿಯೇ ಹೇಳುತ್ತೇನೆ, ತರುವುದಾದರೆ ನೇಂದ್ರಬಾಳೆಹಣ್ಣು ತನ್ನಿ.

ಹಲ್ಲು ನೋಯುತ್ತದೆಂದು ಇವರು ಬಾಯಿಬಿಟ್ಟು ಹೇಳುವುದಿಲ್ಲ. ಗಂಜಿ ಬೇಡ ಎನ್ನುವುದು, ಒಂದೇ ಬದಿಯಲ್ಲಿ ಜಗಿಯುವುದು, ಕೆನ್ನೆಗೆ ಹೊಡೆದುಕೊಳ್ಳುವುದು, ರಾತ್ರಿ ಎದ್ದು ಕೂರುವುದು, ಸುಮ್ಮನೆ ಸಿಟ್ಟು. "ಹಠ ಜಾಸ್ತಿಯಾಗಿದೆ" ಎನ್ನುವ ಮೊದಲು ಟಾರ್ಚ್ ಹಿಡಿದು ಬಾಯೊಳಗೆ ನೋಡಿ.

ನಮ್ಮ ಕಡೆಯವರಿಗೆ ಪೊಯಿನಾಚಿ, ಸುಳ್ಯ, ದೇರಳಕಟ್ಟೆಯ ದಂತ ಕಾಲೇಜುಗಳು ಹತ್ತಿರ. ದೊಡ್ಡವರಾದರೂ ಮಕ್ಕಳ ಹಲ್ಲಿನ ವಿಭಾಗದಲ್ಲಿ ನೋಡುತ್ತಾರೋ ಎಂದು ಮೊದಲೇ ಕೇಳಿ. ಬೆಳಗ್ಗಿನ ಮೊದಲ ಸರದಿ ಕೇಳಿಕೊಳ್ಳಿ. ಕಾಯುವ ಹೊತ್ತು ಕಡಿಮೆಯಾದಷ್ಟೂ ಗಲಾಟೆ ಕಡಿಮೆ. ಮೊದಲ ಸಲ ಕುರ್ಚಿಯಲ್ಲಿ ಕೂತು ಕನ್ನಡಿ ಮುಟ್ಟಿ ಬಂದರೆ ಸಾಕು, ನೋವಿಲ್ಲದಿದ್ದರೆ. ಮಲಯಾಳ ಮಾತಾಡುವ ಡಾಕ್ಟರಾದರೆ ಅವರು ನನಗೆ ಹೇಳುತ್ತಾರೆ, ನಾನು ತಮ್ಮನಿಗೆ ಹೇಳುತ್ತೇನೆ. ಇಬ್ಬರೂ ಒಟ್ಟಿಗೆ ಹೇಳಿದರೆ ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಮಾತ್ರೆಗಳ ಹೆಸರು, ಕೊನೆಯ ಫಿಟ್ಸ್ ಯಾವಾಗ, ಹೃದಯದ ತೊಂದರೆ ಉಂಟೋ ಇಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕೆಲವು ಹೃದ್ರೋಗಗಳಿಗೆ ಹಲ್ಲು ಕೀಳುವ ಮೊದಲೇ ಆ್ಯಂಟಿಬಯಾಟಿಕ್ ಬೇಕಾಗುತ್ತದೆ.

ಅರಿವಳಿಕೆ ತಪ್ಪದಿದ್ದರೆ, ಸ್ವಚ್ಛ ಮಾಡುವುದು, ತುಂಬುವುದು, ಕೀಳುವುದು ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಲು ಆಗುವುದೇ ಎಂದು ಕೇಳಿ. ಬರೀ ಚುಚ್ಚುಮದ್ದಿನಲ್ಲಿ ಆಗುವುದಾದರೆ ಮರಗಟ್ಟಿದ ತುಟಿಯನ್ನು ಕಚ್ಚಿ ಗಾಯ ಮಾಡಿಕೊಳ್ಳುವವರುಂಟು. ಎರಡು ಮೂರು ಗಂಟೆ ಪಕ್ಕದಲ್ಲೇ ಕೂತಿರಿ, ತಿನ್ನಲು ಏನೂ ಬೇಡ. ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದ್ದರೆ ವರ್ಷಕ್ಕೆ 1 ಲಕ್ಷ ರೂಪಾಯಿಯ ಮಿತಿಯೊಳಗೆ ಹಲ್ಲಿಗೂ ಒಂದು ಸಣ್ಣ ಪಾಲುಂಟು. ಬಿಲ್ಲು, ಚೀಟಿ ಎಲ್ಲದರ ಅಸಲು ಪ್ರತಿ ಇಟ್ಟುಕೊಳ್ಳಿ, ಕಾರ್ಡನ್ನು ಪ್ರತಿ ವರ್ಷ ನವೀಕರಿಸಿ.